ಗಿರಿಜಕ್ಕ ಡಾಟ್ ಇನ್

ಜಿತೇಂದ್ರ ಮೊದಲ ಸಲ ಮೆಟ್ಟಿಲು ಹತ್ತಿ ಬಂದಾಗ ಚಂದನಾ ಅವನನ್ನು ಇಂಟರ್ನೆಟ್ ರಿಪೇರಿಯವನು ಅಂದುಕೊಂಡಳು. ಬೆಳಿಗ್ಗೆಯಿಂದ ಲೈನ್ ಇರಲಿಲ್ಲ. ಅವಳ ತಲೆ ಕಾದಿತ್ತು.

"ಈಗ ಬಂದ್ರ್ಯಾ? ಕಾದ್ ಕಾದ್ ಸಾಕಾಯ್ತ್. ಮೋಡೆಮ್ ಆ ಮೂಲಿಲಿತ್ತ್, ಕಾಣಿ."

ಅವನು ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ಒಂದು ವೈರು ಎಳೆದ, ಒರೆಸಿದ, ಮತ್ತೆ ಸಿಕ್ಕಿಸಿದ. ಮೋಡೆಮ್ಮಿನ ದೀಪ ಹಸಿರಾಯಿತು. ಎದ್ದು ನಿಂತು ಕೈ ಕೊಡವಿಕೊಳ್ಳುತ್ತಾ ನಕ್ಕ.

"ನಾನ್ ಹೆಮ್ಮಾಡಿ ಮಸಾಲೆ ಮಿಲ್ಲಿನ ಜಿತೇಂದ್ರ. ನಮ್ ವೆಬ್‌ಸೈಟ್ ಗೂಗಲಲ್ಲಿ ಮೇಲೆ ಬರ್ಕಿತ್ತ್. ಅದ್ಕೆ ಬಂದದ್."

ಚಂದನಾಳಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಆದರೆ ಅವನ ಅಂಗಿಯಿಂದ ಬಂದ ಹುರಿದ ಮೆಣಸಿನ ಘಾಟಿಗೆ ನಾಚುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಸೀನು, ಸೀನಿನ ಮೇಲೆ ಸೀನು.

ಕುಂದಾಪುರದ ಪೇಟೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಆ ಒಂದು ಕೋಣೆಯೇ ಅವಳ ಆಫೀಸು. ಯಾರಾದರೂ ಗೂಗಲಲ್ಲಿ ಹುಡುಕಿದಾಗ ತನ್ನ ಗಿರಾಕಿಗಳ ವೆಬ್‌ಸೈಟು ಮೊದಲು ಕಾಣುವಂತೆ ಮಾಡುವುದು, ಕಂಡದ್ದು ಕೆಳಗೆ ಜಾರದಂತೆ ಕಾಯುವುದು ಅವಳ ಕೆಲಸ. ಕಡಲ ತಡಿಯ ಕೋಡಿಯಿಂದ ಬುಟ್ಟಿ ಹೊತ್ತು ಮೀನು ಮಾರುವ ಅಮ್ಮ ಜಲಜಳಿಗೆ ಇದನ್ನು ಅರ್ಥ ಮಾಡಿಸಲು ಹೋಗಿ ಅವಳು ಸೋತಿದ್ದಳು. "ಕೂತಲ್ಲೇ ಹ್ವಾಯ್ ಹ್ವಾಯ್ ಅಂತ ಗಿರಾಕಿ ಕರೂದಾ?" ಎಂದು ಅಮ್ಮ ಕೇಳಿದಾಗ, ಹೌದು, ಹೆಚ್ಚುಕಡಿಮೆ ಅಷ್ಟೇ ಅಂದುಬಿಟ್ಟಿದ್ದಳು.

"ಆಪ್ದಿಲ್ಲೆ," ಎಂದು ಅಡ್ಡ ತಲೆಯಾಡಿಸಿದಳು ಮೂಗು ಒರೆಸಿಕೊಂಡು. "ಬ್ರಹ್ಮಾವರದ ಗಿರಿಜಕ್ಕಂದ್ ನಾನೇ ಕಾಂಬುದ್. ಒಂದೇ ಕಸುಬಿನ ಇಬ್ರನ್ನ ಹಿಡಿದ್ರೆ ಯಾರ್ ಪರ ಕೆಲ್ಸ ಮಾಡ್ಲಿ?"

ಗಿರಿಜಕ್ಕ ಮನೆಯಲ್ಲೇ ಮಸಾಲೆ ಹುರಿದು ಪುಡಿ ಮಾಡಿ ಮಾರುವವಳು. ಚಂದನಾ ಕಾಲೇಜು ಮುಗಿಸಿ ಯಾರೂ ಕೆಲಸ ಕೊಡದೆ ಅಲೆಯುತ್ತಿದ್ದಾಗ, "ನಂಗೊಂದ್ ವೆಬ್‌ಸೈಟ್ ಮಾಡ್, ಕಾಂಬ" ಎಂದಿದ್ದ ಮೊದಲ ಜೀವ. ಈಗ ಕುಂದಾಪುರ ಮಸಾಲೆ ಎಂದು ಯಾವ ಊರಲ್ಲಿ ಕೂತು ಹುಡುಕಿದರೂ ಮೊದಲು ಕಾಣುತ್ತಿದ್ದದ್ದು ಗಿರಿಜಕ್ಕ ಡಾಟ್ ಇನ್. ಎಷ್ಟೋ ಅಡುಗೆಯವರು ತಾವಾಗಿಯೇ ಅವಳ ಹೆಸರು ಹೇಳಿ ಬರೆದಿದ್ದರು. ಅಷ್ಟು ಜನ ಬೆರಳು ತೋರಿಸಿದ ಹೆಸರನ್ನು ಗೂಗಲ್ಲೂ ನಂಬುತ್ತದೆ.

"ಗಿರಿಜಕ್ಕನ್ ಬಿಡುದಿಲ್ಲೆ ನೀವ್?"

"ಬಿಡುದಿಲ್ಲೆ."

"ಹಾಂಗಾರೆ ಒಂದ್ ಚಾ ಆದ್ರೂ ಕುಡಿಸಿ. ಮೋಡೆಮ್ ಸರಿ ಮಾಡಿದ್ದಕ್ಕೆ."

ಅವಳು ನಕ್ಕಳು. ನಗಬಾರದಿತ್ತು. ಆದರೆ ಅಷ್ಟು ಚಂದದ ಹುಡುಗ ಅಷ್ಟು ಚಂದ ಸೋತು ನಿಂತರೆ ಯಾರಾದರೂ ನಗುತ್ತಾರೆ.

ಆಮೇಲೆ ಅವನು ಬರುತ್ತಲೇ ಹೋದ. ಪೇಟೆಯ ಅಂಗಡಿಗಳಿಗೆ ಮಸಾಲೆ ಹಾಕಲು ಬಂದವನು ಮೆಟ್ಟಿಲು ಹತ್ತದೆ ಹೋಗುತ್ತಿರಲಿಲ್ಲ. ವೆಬ್‌ಸೈಟಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅದೇ ಅವಳಿಗೆ ಇಷ್ಟವಾದದ್ದು. ಬಾಗಿಲಲ್ಲಿ ನಿಂತು, ಒಳಗೆ ಬರುವ ಮೊದಲು ಅಂಗಿಯನ್ನು ಎರಡೂ ಕೈಯಲ್ಲಿ ಕೊಡವುತ್ತಿದ್ದ. ಅವಳು ಸೀನಬಾರದೆಂದು. ಆದರೂ ಅವಳು ಸೀನುತ್ತಿದ್ದಳು, ಅವನು ಪ್ರತಿ ಸಲವೂ ತಪ್ಪು ಮಾಡಿದವನಂತೆ ಕಣ್ಣು ಸಣ್ಣದು ಮಾಡುತ್ತಿದ್ದ.

ಸಂಜೆ ಕೋಡಿಯ ಕಡಲಿನ ಕಲ್ಲುಗಳ ಮೇಲೆ ಕೂರುವುದು ರೂಢಿಯಾಯಿತು. ನೀವು ಹೋಗಿ ನೀನು ಆಯಿತು.

"ಗೂಗಲಲ್ಲಿ ನನ್ ಹೆಸ್ರ್ ಹುಡ್ಕಿರೆ ಎಂತ ಬತ್ತ್?" ಅವನು ಕೇಳಿದ.

"ಎಂತದೂ ಬತ್ತಿಲ್ಲೆ. ನಿನ್ನ ಯಾರ್ ಹುಡ್ಕುದ್?"

"ಬತ್ತಿಲ್ಲೆ ಅಂದೇಳಿ ನಿಂಗ್ ಹ್ಯಾಂಗ್ ಗೊತ್ತಾಯ್ತ್?"

ಚಂದನಾ ಕಡಲನ್ನು ನೋಡತೊಡಗಿದಳು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅವನು ಅವಳ ಕೆಂಪಾದ ಕಿವಿಯನ್ನೇ ನೋಡುತ್ತಾ ಸುಮ್ಮನೆ ಕೂತ. ಒಂದೂ ಮಾತಿಲ್ಲದೆ ಅವಳಿಗೆ ಅಷ್ಟು ಸುಖವಾದದ್ದು ಅದೇ ಮೊದಲು.

ಮದುವೆಯ ಮಾತು ಮಾತ್ರ ಅವನ ಬಾಯಲ್ಲಿ ಬರುತ್ತಲೇ ತಡವರಿಸುತ್ತಿತ್ತು. ಅವನದು ಗದ್ದೆ, ಮಿಲ್ಲು, ಮುಂಬೈಯಲ್ಲಿ ಹೋಟೆಲು ಇರುವ ಮನೆ. ಇವಳು ಮೀನು ಮಾರುವವಳ ಮಗಳು. ಅವನ ಮನೆಯಲ್ಲಿ ಸೋದರಮಾವ ಉಮಾನಾಥರ ಮಾತೇ ಕಡೆಯ ಮಾತು. ಹೋಟೆಲು ಮುಂಬೈಯಲ್ಲಿದ್ದರೂ ಹೆಮ್ಮಾಡಿಯ ಮಿಲ್ಲು ತಿರುಗುವುದು ಅವರ ಫೋನಿನಲ್ಲೇ.

"ಮಾವನ್ ಒಪ್ಪಿಸ್ತೆ. ಸ್ವಲ್ಪ ಟೈಮ್ ಕೊಡ್," ಎನ್ನುತ್ತಿದ್ದ. ಅವಳು ಕೊಟ್ಟಳು. ಪ್ರೀತಿಸುವ ಹೆಂಗಸರು ಧಾರಾಳವಾಗಿ ಕೊಟ್ಟು ಕೆಡುವುದು ಅದನ್ನೇ.

ಅಷ್ಟರಲ್ಲಿ ಗಿರಿಜಕ್ಕನ ವೆಬ್‌ಸೈಟು ಒಂದು ಬೆಳಿಗ್ಗೆ ತೆರೆಯಲೇ ಇಲ್ಲ.

ತಪ್ಪು ಸಣ್ಣದು. ವೆಬ್‌ಸೈಟಿನ ಹೆಸರನ್ನು ವರ್ಷಾವರ್ಷ ರಿನ್ಯೂ ಮಾಡಬೇಕು. ಶುರುವಿನಲ್ಲಿ ಗಿರಿಜಕ್ಕನ ಮಗ ರೋಹನ್ ಅದನ್ನು ತನ್ನ ಮೇಲ್ ಐಡಿಯಲ್ಲಿ, ತನ್ನ ಕಾರ್ಡಿನಲ್ಲಿ ಕೊಂಡಿದ್ದ. "ಅಮ್ಮಂಗೆ ನನ್ನ ಗಿಫ್ಟ್" ಎಂದು ಹೆಮ್ಮೆಯಿಂದ ತನ್ನಲ್ಲೇ ಇಟ್ಟುಕೊಂಡಿದ್ದ. ನನ್ನ ಕೈಗೆ ಕೊಡು ಎಂದು ಚಂದನಾ ಕೇಳಿದಾಗಲೆಲ್ಲ "ರಜೆಗ್ ಬಂದಾಗ ಮಾಡುವ" ಎಂಬ ಉತ್ತರ. ರೋಹನ್ ಹಡಗಿನಲ್ಲಿ ಕೆಲಸ ಮಾಡುವವನು. ಈ ಸಲ ಹಳೆಯ ಕಾರ್ಡಿನ ಅವಧಿ ಮುಗಿದಿತ್ತು, ನೆನಪಿಸುವ ಮೇಲ್‌ಗಳು ಅವನಿಗೆ ಹೋಗುತ್ತಿದ್ದವು, ಅವನು ಯಾವುದೋ ಸಮುದ್ರದ ನಡುವೆ ಸಿಗ್ನಲ್ ಇಲ್ಲದಲ್ಲಿದ್ದ. ಚಂದನಾ ಹಡಗಿನ ಕಂಪನಿಗೂ ಫೋನ್ ಮಾಡಿ ನೋಡಿದಳು. ಅಷ್ಟರಲ್ಲಿ ವಾಯಿದೆ ಮುಗಿದೇ ಹೋಯಿತು. ಬರುವ ಶುಕ್ರವಾರ ಆ ಹೆಸರು ಎಲ್ಲರಿಗೂ ಬಿಡುಗಡೆ. ಮೊದಲು ಯಾರು ಹಿಡಿಯುತ್ತಾರೋ ಅವರದು.

ಈ ಸಂಗತಿಯನ್ನು ಅವಳು ಹೇಳಿದ್ದು ಒಬ್ಬನಿಗೆ ಮಾತ್ರ.

"ಶುಕ್ರವಾರ ಹೊರಗ್ ಬೀಳತ್ತ್ ಜಿತು. ನಾನೇ ಮೊದ್ಲ್ ಹಿಡ್ಕಣ್ಕ್. ತಪ್ಪಿರೆ ಗಿರಿಜಕ್ಕ ಇಷ್ಟ್ ವರ್ಷ ದುಡದ್ ಗಳಿಸಿದ್ ಹೆಸ್ರ್ ಹೋಯ್ತ್. ಯಾರ್ ಹತ್ರಾನೂ ಹೇಳ್ಬೇಡ."

"ನಾನ್ ಯಾರಿಗ್ ಹೇಳ್ಲಿ ಮಾರಾಯ್ತಿ?" ಎಂದು ಅವನು ಅವಳ ಕೈ ಹಿಡಿದುಕೊಂಡ.

ಶುಕ್ರವಾರ ಅವಳು ಕಂಪ್ಯೂಟರಿನ ಮುಂದೆ ಕೂತೇ ಇದ್ದಳು. ಹೆಸರು ಹೊರಗೆ ಬಿದ್ದದ್ದೂ ಇನ್ಯಾರೋ ಹಿಡಿದದ್ದೂ ಒಂದೇ ಉಸಿರಲ್ಲಿ ಆಗಿಹೋಯಿತು. ಹಿಡಿದವರ ಗುರುತು ಕಾಣುತ್ತಿರಲಿಲ್ಲ. ಜಿತೇಂದ್ರ ಬಂದಾಗ ಅವನ ಎದೆಗೆ ಮುಖವಿಟ್ಟು ಅತ್ತುಬಿಟ್ಟಳು. ಆವತ್ತು ಸೀನೂ ಬರಲಿಲ್ಲ.

"ಮರ್ಕಬೇಡ. ಹೊಸ ಹೆಸ್ರ್ ಮಾಡಿರಾಯ್ತ್," ಎಂದು ತಲೆ ಸವರಿದ. ಅವನ ಕೈ ನಡುಗುತ್ತಿತ್ತು. ನನ್ನ ದುಃಖಕ್ಕೆ ಇವನ ಕೈ ನಡುಗುತ್ತದಲ್ಲ ಎಂದು ಅವಳಿಗೆ ಮತ್ತಷ್ಟು ಪ್ರೀತಿ ಉಕ್ಕಿತು.

ಕೆಲವು ವಾರ ಕಳೆದು ಗಿರಿಜಕ್ಕನ ಫೋನ್ ಬಂತು. ಬೈಗುಳ ಬಂದಿದ್ದರೆ ಚೆನ್ನಾಗಿತ್ತು. ಗಿರಿಜಕ್ಕ ಮೆಲ್ಲಗೆ ಮಾತಾಡಿದಳು.

"ಚಂದನಾ, ನನ್ ಹೆಸ್ರ್ ಒತ್ತಿರೆ ಹೆಮ್ಮಾಡಿ ಮಿಲ್ಲಿನವ್ರ್ ಅಂಗಡಿ ತೆರೀತ್ತಂಬ್ರ್. ಬೆಂಗ್ಳೂರಿನ ಒಬ್ರ್ ಹೆಂಗ್ಸ್ ಫೋನ್ ಮಾಡಿ, ಅಕ್ಕ ನೀವು ಅಂಗಡಿ ಮಾರಿಬಿಟ್ರಾ ಅಂತ ಕೇಂಡ್ರ್. ನಾನ್ ಎಂತ ಹೇಳೂದ್ ಮಗಳೆ?"

ಚಂದನಾ ಹೆಸರು ಟೈಪ್ ಮಾಡಿದಳು. ಗಿರಿಜಕ್ಕ ಡಾಟ್ ಇನ್. ಪುಟ ತೆರೆಯಿತು. ಹೆಮ್ಮಾಡಿ ಮಸಾಲೆ ಮಿಲ್, ಶುದ್ಧ ಮನೆರುಚಿ, ಈಗಲೇ ಆರ್ಡರ್ ಮಾಡಿ. ಕುಂದಾಪುರ ಮಸಾಲೆ ಎಂದು ಹುಡುಕಿದಳು. ಮಿಲ್ಲು ಮೊದಲನೆಯದಾಗಿತ್ತು.

ಅವಳು ಬಸ್ಸು ಹತ್ತಿ ಹೆಮ್ಮಾಡಿಗೆ ಹೋದಳು. ಮಿಲ್ಲಿನ ಸದ್ದಿನಲ್ಲಿ ಅವಳ ಮಾತು ಕೇಳದೆ, ಜಿತೇಂದ್ರ ಹೊರಗೆ ಮೆಣಸು ಒಣಹಾಕಿದ ಅಂಗಳಕ್ಕೆ ಬಂದ. ಅವಳ ಮುಖ ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು.

"ನಾನ್ ಬೇಡ ಅಂದಿದೆ ಚಂದು. ಆ ಹೆಸ್ರನ್ನ ನಮ್ ಸೈಟಿಗ್ ಜೋಡಿಸ್ಬೇಡಿ, ಸುಮ್ನೆ ಇರ್ಲಿ ಅಂದೆ. ಮಾವ ಕೇಳ್ಲಿಲ್ಲೆ."

"ಶುಕ್ರವಾರದ್ ಸುದ್ದಿ ಮಾವಂಗೆ ಹೇಳದ್ ಯಾರ್?"

ಅವನು ಬಗ್ಗಿ ಅಂಗಳದ ಮೆಣಸನ್ನು ಕೈಯಲ್ಲಿ ಹರಡತೊಡಗಿದ.

"ಎಂತಕ್ಕೆ ಹೇಳ್ದೆ?"

"ನಮ್ ಮದಿಗೆ, ನಮ್ಮಿಬ್ರ ಮದುವಿಗೆ," ಎಂದ. ಕಣ್ಣಲ್ಲಿ ನೀರಿತ್ತು. "ಗೂಗಲಲ್ಲಿ ಮಿಲ್ ಒಂದನೇದ್ ಮಾಡಿ ತೋರ್ಸ್, ಆಮೇಲೆ ಯಾವ್ ಹೆಣ್ಣಾರೂ ಅಡ್ಡಿಲ್ಲೆ ಅಂದಿರ್ ಮಾವ. ನಿನ್ ಹತ್ರ ಕೇಂಡ್ರೆ ನೀನ್ ಮಾಡ್ತಿರ್ಲಿಲ್ಲೆ. ನಂಗ್ ಬೇರೆ ದಾರಿ ಕಾಣ್ಲಿಲ್ಲೆ."

ಸುಳ್ಳಲ್ಲ. ಅದೇ ಸಂಕಟ. ಅವನು ನಿಜವಾಗಿಯೂ ಅವಳಿಗಾಗಿಯೇ ಅವಳನ್ನು ಮಾರಿದ್ದ.

"ಒಂದ್ ಹೇಳ್," ಚಂದನಾ ಕೇಳಿದಳು. "ಶುಕ್ರವಾರ ನಾನ್ ಮರ್ಕುವತ್ತಿಗೆ, ನನ್ ತಲೆ ಸವರ್ವತ್ತಿಗೆ, ನಿಂಗ್ ಗೊತ್ತಿದ್ದಿತ್ತಾ?"

ಮಿಲ್ಲಿನ ಸದ್ದು ನಿಂತಿತು. ಒಳಗೆ ಯಾರೋ ಸ್ವಿಚ್ ಆರಿಸಿರಬೇಕು. ಅಷ್ಟು ನಿಶ್ಶಬ್ದದಲ್ಲಿಯೂ ಅವನಿಂದ ಇಲ್ಲ ಎಂಬ ಮಾತು ಬರಲಿಲ್ಲ.

ಮುಂದಿನ ವಾರ ಉಮಾನಾಥ ಮುಂಬೈಯಿಂದ ಬಂದಿಳಿದರು. ಹಣ್ಣು, ಹೂವು, ಸ್ವೀಟಿನ ಬಾಕ್ಸುಗಳ ಜತೆ ಕೋಡಿಯ ಆ ಸಣ್ಣ ಮನೆಗೆ ಜಿತೇಂದ್ರನನ್ನು ಕರೆದುಕೊಂಡು ಬಂದರು. ಜಲಜ ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕಿದಳು. ಕೈ ಎಷ್ಟು ತೊಳೆದರೂ ಮೀನಿನ ವಾಸನೆ ಹೋಗಲಿಲ್ಲವೆಂದು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ನಿಂತಿದ್ದಳು. ಮಗಳ ಭಾಗ್ಯ ಬಾಗಿಲಿಗೆ ಬಂದಿದೆ ಎಂದು ಅವಳ ಮುಖ ಅರಳಿತ್ತು.

ಉಮಾನಾಥ ಕೆಟ್ಟವರಂತೆ ಕಾಣಲಿಲ್ಲ. ನಗುಮುಖದ, ದೊಡ್ಡ ಗಂಟಲಿನ ಮನುಷ್ಯ.

"ಅರೇ, ಹುಡ್ಗಿ ಹುಷಾರಿತ್ತ್! ಇಂಥವ್ಳೇ ನಮ್ ಧಂಧೆಗೆ ಬೇಕಾದ್ದ್," ಎಂದರು.

"ಗಿರಿಜಕ್ಕನ್ ಹೆಸ್ರ್ ವಾಪಸ್ ಕೊಡಿ," ಎಂದಳು ಚಂದನಾ. "ನಂಗ್ ಬೇರೆಂತ ಬೇಡ."

ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಕಾಣ್ ಮಗಳೆ, ಮುಂಬೈಲಿ ಓಡ್ತಿದ್ ಹೋಟ್ಲ್ ಖಾಲಿ ಬಿದ್ರೆ ನಾವ್ ಬೋರ್ಡ್ ಇಳ್ಸದೇ ಹಿಡೂದ್. ಹಳೇ ಗಿರಾಕಿ ಬೋರ್ಡ್ ಕಂಡ್ ಒಳಗ್ ಬತ್ತ್, ಚಾ ಕುಡಿತ್ತ್, ಬಸ್. ನಾನ್ ಹಾಂಗೇ ಮೇಲ್ ಬಂದದ್. ಕದ್ದದ್ದಲ್ಲ, ಖಾಲಿ ಬಿದ್ದದ್ ಹಿಡದದ್."

"ಖಾಲಿ ಬಿದ್ದದ್ದಲ್ಲ. ಅವ್ರ್ ಒಳಗೇ ಇದ್ದಿರ್."

"ಆಯ್ತ್ ಮಾರಾಯ್ತಿ! ಮದಿ ಆಯ್ಲಿ. ನೀನೇ ಮನಿ ಸೊಸೆ, ನೀನೇ ಸೈಟ್ ಕಾಣ್ಕೊ. ಆಗ್ಳಿಗೂ ಕೊಡ್ಕ್ ಅಂತ ಕಂಡ್ರೆ ಕೊಡುವ."

ಚಂದನಾ ಜಿತೇಂದ್ರನ ಕಡೆ ನೋಡಿದಳು. ಒಂದೇ ಒಂದು ಮಾತು ಸಾಕಿತ್ತು. ಈಗಲೇ ಕೊಡಿ ಮಾವ, ಅಷ್ಟೇ. ಅವನು ಕೈಯಲ್ಲಿದ್ದ ನೀರಿನ ಲೋಟದೊಳಗೆ ನೋಡುತ್ತಿದ್ದ.

"ಈ ಮದಿ ಆಪ್ದಿಲ್ಲೆ," ಎಂದಳು ಅವಳು.

ಅವರು ಹೋದ ಮೇಲೆ ಜಲಜ ಮಗಳಿಗೆ ಬಾಯಿಗೆ ಬಂದದ್ದು ಬೈದಳು. ಯಾರದೋ ಮಸಾಲೆ ಪುಡಿಯ ಹೆಸರಿಗೆ ತನ್ನ ಬಾಳಿಗೇ ಕಲ್ಲು ಹಾಕಿಕೊಂಡವಳು ಎಂದು ಕುರ್ಚಿಗಳನ್ನು ವಾಪಸು ಕೊಡಲು ಹೋಗುವಾಗಲೂ ಬೈಯುತ್ತಲೇ ಇದ್ದಳು.

ಗಿರಿಜಕ್ಕನಿಗೆ ಹೊಸ ಹೆಸರು ಮಾಡಿ ಚಂದನಾ ಮೊದಲಿನಿಂದ ಶುರು ಮಾಡಿದಳು. ಹೊಸ ಹೆಸರನ್ನು ಗೂಗಲ್ ಮೂಸಿಯೂ ನೋಡಲಿಲ್ಲ. ಪುಟದ ಮೇಲೆ ಪುಟ ದಾಟಿ ಎಲ್ಲೋ ಕೊನೆಗೆ ಗಿರಿಜಕ್ಕ ಕಾಣುತ್ತಿದ್ದಳು. ಅಷ್ಟು ದೂರ ಯಾರು ಹೋಗುತ್ತಾರೆ? ಬ್ರಹ್ಮಾವರದ ಮನೆಯಲ್ಲಿ ಪುಡಿ ಮಾಡಲು ಬರುತ್ತಿದ್ದ ಹೆಂಗಸರನ್ನು ಗಿರಿಜಕ್ಕ ಒಬ್ಬೊಬ್ಬರನ್ನಾಗಿ ಬೇಡವೆಂದಳು. ಚಂದನಾ ಅಲ್ಲಿಗೆ ಹೋದಾಗಲೆಲ್ಲ ಅದೇ ಪ್ರೀತಿಯಲ್ಲಿ ಊಟ ಬಡಿಸುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಜಿತೇಂದ್ರ ಮೆಟ್ಟಿಲು ಹತ್ತಿ ಬಂದ. ಸೊರಗಿಹೋಗಿದ್ದ. ಅಂಗಿಯಲ್ಲಿ ಮೆಣಸಿನ ಘಾಟಿರಲಿಲ್ಲ.

"ಹೆಸ್ರ್ ಗಿರಿಜಕ್ಕಂಗೆ ಬರ್ಸಿ ಕೊಟ್ಟೆ. ಬ್ರಹ್ಮಾವರಕ್ಕೇ ಹೋಯಿ, ಅವ್ರ್ ಕಾಲ್ ಹಿಡದ್, ಎಲ್ಲ ಹೇಳಿ ಬಂದೆ."

"ಮಾವ ಒಪ್ರಾ?"

"ಅವ್ರನ್ ಕೇಣ್ಲಿಲ್ಲೆ, ಮಿಲ್ಲಿನ ಕಂಪ್ಯೂಟರಿಂದ ನಾನೇ ಮಾಡ್ದೆ. ಗೊತ್ತಾಯಿ ಮಿಲ್ಲಿಂದ ಹೊರಗ್ ಹಾಕಿರ್."

ಚಂದನಾ ಹೆಸರು ಟೈಪ್ ಮಾಡಿದಳು. ಗಿರಿಜಕ್ಕನ ನಗುಮುಖದ ಹಳೆಯ ಪುಟ ತೆರೆದುಕೊಂಡಿತು. ಅವಳಿಗೆ ಎದ್ದು ಹೋಗಿ ಅವನನ್ನು ಅಪ್ಪಿಕೊಳ್ಳಬೇಕು ಅನಿಸಿತು. ಇಷ್ಟು ತಿಂಗಳಲ್ಲಿ ಒಂದು ದಿನವೂ ಅವನ ಮೇಲಿನ ಆಸೆ ಕಡಿಮೆಯಾಗಿರಲಿಲ್ಲ. ಚಾ ಮಾಡಿ ತಂದು ಎದುರು ಕೂತಳು. ಬಾಗಿಲ ಬೆಳಕಿನಲ್ಲಿ ಅವನ ರೆಪ್ಪೆಗಳು ಮೊದಲಿನಷ್ಟೇ ಚಂದ ಕಂಡವು.

"ಕೆಲ್ಸ ಹ್ಯಾಂಗಿತ್ತ್?" ಅವನು ಕೇಳಿದ.

"ಅಡ್ಡಿಲ್ಲೆ. ಬೈಂದೂರಲ್ಲಿ ಹೊಸ ಗಿರಾಕಿ ಸಿಕ್ಕಿರ್. ದೋಣಿ ಟೂರಿನವ್ರ್. ಪಾಪ, ಅವ್ರ್ ವೆಬ್‌ಸೈಟಿಂದೂ ಇದೇ ಕಥಿ, ಅದ್ರ ಪಾಸ್‌ವರ್ಡ್..."

ಮಾತು ಅಲ್ಲಿಗೇ ನಿಂತಿತು. ಅವಳು ನಿಲ್ಲಿಸಬೇಕೆಂದು ನಿಲ್ಲಿಸಲಿಲ್ಲ. ಬಾಯಿ ತಾನಾಗಿ ಮುಚ್ಚಿಕೊಂಡಿತು. ಕೈ ಚಾಚಿ ಕಂಪ್ಯೂಟರಿನ ಪರದೆಯನ್ನೂ ತುಸು ತನ್ನ ಕಡೆಗೆ ತಿರುಗಿಸಿಕೊಂಡಿದ್ದು ಆಮೇಲೆ ಅವಳಿಗೇ ಗೊತ್ತಾಯಿತು.

ಅವನಿಗೆ ಮೊದಲೇ ಗೊತ್ತಾಗಿತ್ತು.

"ಹೇಳ್," ಎಂದ ಮೆಲ್ಲಗೆ. "ಪಾಸ್‌ವರ್ಡ್ ಎಂತ ಆಯ್ತ್?"

"ಎಂತ ಇಲ್ಲೆ."

"ಮುಂಚೆ ನೀನ್ ಹಿಂಗ್ ಅರ್ಧಕ್ಕೆ ನಿಲ್ಲಿಸ್ತಿರ್ಲಿಲ್ಲೆ ಚಂದು."

"ಮುಂಚೆ ನಂಗ್ ನಿಲ್ಲಿಸೂಕ್ ಬತ್ತಿರ್ಲಿಲ್ಲೆ."

ಅವನು ಚಾ ಕುಡಿಯದೆ ಕೆಳಗಿಟ್ಟ. ಎದ್ದ. ಬಾಗಿಲವರೆಗೆ ಹೋಗಿ ತಿರುಗಿದಾಗ ಅವಳು ಅಳುತ್ತಿದ್ದಳು. ಅವನು ಹತ್ತಿರ ಬರಲು ಹೆಜ್ಜೆ ಎತ್ತಿದ, ಬರಲಿಲ್ಲ. ಅವಳ ತಲೆ ಸವರುವ ಕೈಯನ್ನು ಏನು ಮಾಡಿಕೊಂಡಿದ್ದೇನೆಂದು ಅವನಿಗೂ ಆಗ ತಿಳಿದಿರಬೇಕು.

"ಪ್ರೀತಿ ಹೋಯಿಲ್ಲೆ ಜಿತು," ಎಂದಳು ಚಂದನಾ. "ಅದ್ ಹೋಯಿದ್ರೆ ಯಾರೋ ಗಿರಾಕಿ ಹತ್ರ ಮಾತಾಡ್ದ್ ಹಾಂಗೆ ನಿನ್ ಹತ್ರ ಕೂಕಂಡ್ ಹಾಯಾಗಿ ಮಾತಾಡ್ತಿದ್ದೆ."