ಎರಡು ಸಲ ಬಾರಿಸಿದ ನಗಾರಿ

ಡುಂ! ಡುಂ! ಡುಂ!

ಮಸೀದಿಯ ನಗಾರಿ ಮೊಳಗಿದ್ದೇ ತಡ, ಮುರ್ನಿ ಖರ್ಜೂರವನ್ನು ಬಾಯಿಗೆ ಹಾಕಿಕೊಂಡಳು. ಅಗಿದಳೋ ಇಲ್ಲವೋ, ನುಂಗಿಯೇಬಿಟ್ಟಳು. ಅದರ ಹಿಂದೆಯೇ ಒಂದು ಚಮಚ ಬಾಳೆಹಣ್ಣಿನ ಪಾಯಸ. ಬೆಳಗಿನಿಂದ ಒಣಗಿದ್ದ ಗಂಟಲಿಗೆ ತೆಂಗಿನ ಹಾಲು ತಣ್ಣಗೆ ಇಳಿಯಿತು. ಈ ರಂಜಾನಿನಲ್ಲಿ ಅವಳು ಒಂದು ಉಪವಾಸವನ್ನೂ ಬಿಟ್ಟಿರಲಿಲ್ಲ. ಇವತ್ತಿನದೂ ಮುಗಿಯಿತು!

ಮೈಕಿನಲ್ಲಿ ಅಪ್ಪ ಆಜಾನ್ ಕೂಗತೊಡಗಿದ. ಎರಡನೇ ಸಾಲು ಅರ್ಧ ಬಂದಿತ್ತು. ಅಲ್ಲಿಗೇ ನಿಂತುಹೋಯಿತು.

"ಕರೆಂಟ್ ಹೋಯ್ತಾ?" ಅಂದಳು ಅಮ್ಮ. ಬಲ್ಬು ಉರಿಯುತ್ತಲೇ ಇತ್ತು.

ಮೈಕು ಕೊರ್ರೆಂದಿತು.

"ನಿಲ್ಸಿ... ಯಾರೂ ಏನೂ ತಿನ್ಬೇಡಿ. ಇನ್ನೂ ಹೊತ್ತು ಮುಳುಗಿಲ್ಲ. ನಾನು ತರ್ಸೋ ಮಾತಾಡ್ತಿರೋದು. ಗಡಿಯಾರ ನೋಡ್ದೆ ನಗಾರಿ ಬಾರಿಸ್ಬಿಟ್ಟೆ. ತಪ್ಪು ನಂದು. ತಿಂದೋರ ಉಪವಾಸ ಮುರೀತು. ಹಬ್ಬ ಆದ್ಮೇಲೆ ಅವ್ರು ಇನ್ನೊಂದಿನ ಹಿಡೀಬೇಕಾಗುತ್ತೆ. ಎಲ್ರೂ ನನ್ನ ಕ್ಷಮಿಸಿ."

ಓಣಿಯೆಲ್ಲ ಗಪ್‌ಚಿಪ್. ಒಂದು ಚಮಚವೂ ಸದ್ದು ಮಾಡಲಿಲ್ಲ. ಆಮೇಲೆ ಒಂದೇ ಸಲ ಗಲಾಟೆ ಎದ್ದಿತು.

"ಉಗಿಯೋ, ಉಗಿ!" ಅಂತ ಯಾರೋ ತಾಯಿ ಮಗುವಿನ ಬೆನ್ನಿಗೆ ತಟ್ಟಿದಳು. ಯಾರೋ ನಕ್ಕರು, ಯಾರೋ ಬೈದರು. ಮಸೀದಿ ಬಾಗಿಲ ಬಳಿ ಬಜ್ಜಿ ಮಾರುವ ರುಸ್ಮಿ ಅತ್ತೆಯ ದನಿ ಎಲ್ಲರನ್ನೂ ಮೀರಿಸಿತು. "ಅಯ್ಯೋ ನನ್ನ ಕರ್ಮವೇ! ಇಡೀ ದಿನ ಕಾದ ಎಣ್ಣೆ ಮುಂದೆ ಕೂತು, ಒಂದು ತೊಟ್ಟು ನೀರು ಕುಡೀದೆ ತಡ್ಕೊಂಡೆ. ಎಲ್ಲಾ ನೀರುಪಾಲಾಯ್ತಲ್ಲ!"

ಮುರ್ನಿ ಬಾಯಲ್ಲಿದ್ದ ಚಮಚವನ್ನು ಮೆಲ್ಲಗೆ ಹೊರಗೆ ತೆಗೆದಳು.

ಸ್ವಲ್ಪ ಹೊತ್ತಿಗೆ ನಗಾರಿ ಮತ್ತೆ ಮೊಳಗಿತು. ಈ ಸಲ ಅದು ನಿಜವಾದ ಹೊತ್ತೇ. ಆದರೆ ಒಬ್ಬರೂ ತಟ್ಟೆ ಮುಟ್ಟಲಿಲ್ಲ. ಗದ್ದೆಯಾಚೆಯ ಊರಿನ ನಗಾರಿ ಕೇಳಿದ ಮೇಲೆಯೇ ಜನರ ಕೈ ಬಾಯಿಗೆ ಹೋಯಿತು.

ಅಪ್ಪ ಹೇಗೆ ತಪ್ಪಿದ? ಮುರ್ನಿಗೆ ಅದೇ ಯೋಚನೆ. ಮಸೀದಿ ಗುಡಿಸುವುದು, ತೊಟ್ಟಿಗೆ ನೀರು ತುಂಬುವುದು, ನಗಾರಿ ಬಾರಿಸುವುದು, ಆಜಾನ್ ಕೂಗುವುದು, ಎಲ್ಲ ಅಪ್ಪನ ಕೆಲಸ. ಮಸೀದಿಯ ಹಿಂದಿನ ಈ ಮನೆಯೂ ಆ ಕೆಲಸಕ್ಕೇ ಕೊಟ್ಟದ್ದು. ದಿನಾ ಸಂಜೆ ಅಪ್ಪ ಮಸೀದಿ ಜಗಲಿಯಲ್ಲಿ ನಗಾರಿಯ ಪಕ್ಕದ ರೇಡಿಯೋ ಹಚ್ಚುತ್ತಾನೆ. ಅದರಲ್ಲಿ ಆಜಾನ್ ಬಂದಾಗ ಗೋಡೆಯ ಗಡಿಯಾರ ನೋಡುತ್ತಾನೆ. ಆಮೇಲೆಯೇ ಕೋಲು ಎತ್ತುತ್ತಾನೆ.

ರೇಡಿಯೋ!

ಮಧ್ಯಾಹ್ನ ಯಾರೂ ಇಲ್ಲದಾಗ ಅವಳು ಆ ರೇಡಿಯೋದ ಗುಂಡಿ ತಿರುಗಿಸಿದ್ದಳು. ಅವಳಿಗೆ ಅದೊಂದು ಹುಚ್ಚು. ಮುಳ್ಳು ಒಂದು ಕೂದಲೆಳೆ ಸರಿದರೆ ಸಾಕು, ಬೇರೆ ಊರು, ಬೇರೆ ದನಿ. ಇವತ್ತು ಯಾರೋ ವಿಚಿತ್ರ ರಾಗದಲ್ಲಿ ಮೀನಿನ ಸುದ್ದಿ ಹೇಳುತ್ತಿದ್ದ. ಯಾವ ಊರಪ್ಪಾ ಇದು ಅಂತ ಕೇಳುತ್ತಿರುವಾಗ ಅಮ್ಮ ಕರೆದಳು. ರೇಡಿಯೋ ಆಫ್ ಮಾಡಿ ಓಡಿದ್ದಳು. ಮುಳ್ಳನ್ನು ಹಿಂದಕ್ಕೆ ತರಲು ಮರೆತಿದ್ದಳು.

ಎಲ್ಲರೂ ನಮಾಜಿಗೆ ನಿಂತಾಗ ಅವಳು ಜಗಲಿಗೆ ನುಸುಳಿ, ರೇಡಿಯೋಗೆ ಕಿವಿ ಹಚ್ಚಿ, ಮೆಲ್ಲಗೆ ಗುಂಡಿ ಒತ್ತಿದಳು.

"...ಸುರಬಾಯ ಕೇಂದ್ರ," ಅಂದಿತು ರೇಡಿಯೋ.

ಮಾರನೇ ದಿನ ಶಾಲೆಯಲ್ಲಿ ಮುರ್ನಿ ಮೊದಲು ಕೈಯೆತ್ತಿದಳು. "ಟೀಚರ್, ಸುರಬಾಯದಲ್ಲಿ ನಮಗಿಂತ ಮೊದ್ಲೇ ಸಂಜೆ ಆಗುತ್ತಾ?"

"ಒಳ್ಳೇ ಪ್ರಶ್ನೆ ಕಣೇ!" ಟೀಚರ್ ಕಪಾಟಿನ ಮೇಲಿದ್ದ ಭೂಗೋಳ ಇಳಿಸಿ ಕಿಟಕಿಯ ಬಿಸಿಲಿಗೆ ಹಿಡಿದರು. "ಸುರಬಾಯ ಪಟ್ಟಣ ನಮಗಿಂತ ಪೂರ್ವಕ್ಕಿದೆ. ಬೆಳಗೂ ಅವ್ರಿಗೇ ಮೊದ್ಲು, ಸಂಜೇನೂ ಅವ್ರಿಗೇ ಮೊದ್ಲು. ಅಲ್ಲಿ ಹೊತ್ತು ಮುಳುಗಿ ಹತ್ತು ನಿಮಿಷ ಕಳೆದ್ರೂ ನಮ್ಮಲ್ಲಿ ಸೂರ್ಯ ಇದ್ದೇ ಇರ್ತಾನೆ."

ಅಲ್ಲಿಗೆ ಗಂಟು ಬಿಚ್ಚಿತು. ನಿನ್ನೆ ಮೋಡ ಕವಿದಿತ್ತು. ರೇಡಿಯೋದಲ್ಲಿ ಬಂದದ್ದು ಸುರಬಾಯದ ಆಜಾನ್. ಅಪ್ಪ ಅದನ್ನು ನಮ್ಮ ಕಡೆಯದೇ ಅಂದುಕೊಂಡ. ಬೇರೆ ದಿನವಾಗಿದ್ದರೆ ಮುರ್ನಿ ಖುಷಿಯಿಂದ ಕುಣಿಯುತ್ತಿದ್ದಳು. ಇವತ್ತು ಪುಸ್ತಕಕ್ಕೆ ಮುಖ ಹುದುಗಿಸಿ ಕೂತಳು.

ಶಾಲೆ ಬಿಡುವ ಗಂಟೆ ಹೊಡೆದಾಗ ಹಿಂದಿನ ಬೆಂಚಿನ ಗಿನೋ ಕೂಗಿದ. "ಏಯ್ ಮುರ್ನಿ, ಇವತ್ತು ಎಷ್ಟು ಗಂಟೆಗೆ ಸಂಜೆ ಮಾಡ್ತಾರೆ ನಿಮ್ಮಪ್ಪ? ಮಧ್ಯಾಹ್ನಕ್ಕೇ ಮಾಡೋಕೆ ಹೇಳೇ, ಹೊಟ್ಟೆ ಚುರುಗುಟ್ತಿದೆ!"

ಎಲ್ಲರೂ ನಕ್ಕರು. ಮುರ್ನಿ ಅವನನ್ನು ದುರುಗುಟ್ಟಿ ನೋಡಿ, ಚೀಲ ಎತ್ತಿಕೊಂಡು ಹೊರಟಳು.

ಮನೆಗೆ ಬಂದವಳೇ ಜಗಲಿಗೆ ಹೋದಳು. ಯಾರಿಗೂ ಕಾಣದಂತೆ ಮುಳ್ಳನ್ನು ಸರಿಮಾಡಿಬಿಡೋಣ ಅಂತ. ನೋಡಿದರೆ ಮುಳ್ಳು ಆಗಲೇ ತನ್ನ ಹಳೆಯ ಜಾಗದಲ್ಲಿತ್ತು.

ಅಂದರೆ ಅಪ್ಪ ನೋಡಿದ್ದಾನೆ. ಈ ರೇಡಿಯೋ ಮುಟ್ಟುವುದು ಇಬ್ಬರೇ, ಅಪ್ಪ ಮತ್ತು ಅವಳು. ಹಾಗಾದರೆ ಅಪ್ಪನಿಗೆ ಗೊತ್ತು! ಗೊತ್ತಿದ್ದೂ ಮೈಕಿನಲ್ಲಿ ಯಾಕೆ ಹೇಳಲಿಲ್ಲ? ಮನೆಯಲ್ಲಾದರೂ ಯಾಕೆ ಬೈಯಲಿಲ್ಲ? ಅಪ್ಪ ಬೈಯದೆ ಸುಮ್ಮನೆ ಬಿಡುವವನೇ ಅಲ್ಲ. ಚಪ್ಪಲಿ ಅಡ್ಡ ಬಿಟ್ಟರೂ ಬೈಯುತ್ತಾನೆ.

"ಅಪ್ಪ ಎಲ್ಲಮ್ಮಾ?"

"ಬೆಳಗಿಂದ ಮನೆಮನೆಗೆ ಹೋಗ್ತಿದಾರೆ," ಅಮ್ಮ ಮೊರದಿಂದ ತಲೆಯೆತ್ತದೆ ಹೇಳಿದಳು. "ಮೈಕ್ ಕೇಳಿಸ್ದೆ ಇದ್ದೋರೂ ಇರ್ತಾರಲ್ಲ, ಅವ್ರಿಗೆ ಹೇಳಿ ಕ್ಷಮೆ ಕೇಳ್ಬೇಕಂತೆ. ಸಾಯಂಕಾಲ ಜಗಲೀಲಿ ಜನ ಸೇರ್ತಾರಂತೆ. ನಗಾರಿ ಕೋಲನ್ನ ಇವ್ರ ಕೈಯಲ್ಲೇ ಬಿಡೋದೋ ಬೇಡ್ವೋ ಅಂತ."

"ಬೇಡ ಅಂದ್ರೆ?"

ಅಮ್ಮ ಮನೆಯ ಗೋಡೆಯನ್ನೊಮ್ಮೆ ನೋಡಿದಳು. ಮತ್ತೆ ಅಕ್ಕಿ ಆರಿಸತೊಡಗಿದಳು.

ಹೊತ್ತು ಮುಳುಗುವುದಕ್ಕೆ ಮುಂಚಿನ ಇಳಿಹೊತ್ತಿನ ನಮಾಜು ಮುಗಿಯುತ್ತಲೇ ಜಗಲಿ ತುಂಬಿತು. ನಡುವೆ ಊರಿಗೆ ಹಿರಿಯರಾದ ಹಾಜಿ ಅಜ್ಜ. ಅಪ್ಪ ಕಂಬದ ಪಕ್ಕ ಕೈಕಟ್ಟಿ ನಿಂತಿದ್ದ. ರುಸ್ಮಿ ಅತ್ತೆ ತನ್ನ ಗಾಡಿ ಬಿಟ್ಟು ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಮುರ್ನಿ ನಗಾರಿಯ ಹಿಂದೆ ಸರಿದು ನಿಂತಳು.

ಮೊದಲು ಮಾತಾಡಿದ್ದು ದರ್ಜಿ ಕರ್ತಾ ಮಾವ. ಒಳ್ಳೆಯ ಮನುಷ್ಯ, ಯಾರಿಗೂ ನೋವಾಗಬಾರದು ಅನ್ನುವವರು. "ಆಗಿದ್ದಾಯ್ತು ಬಿಡಿ. ನಿನ್ನೆ ಆ ಪಾಟಿ ಮೋಡ! ಯಾರಾದ್ರೂ ಮೋಸ ಹೋಗ್ತಿದ್ರು. ತರ್ಸೋದು ಏನೂ ತಪ್ಪಿಲ್ಲ."

"ತಪ್ಪಿದೆ ಮಾವ," ಅಂದ ಅಪ್ಪ. "ಗಡಿಯಾರಕ್ಕೆ ಮೋಡ ಕವಿದಿರ್ಲಿಲ್ಲ. ತಲೆಯೆತ್ತಿದ್ರೆ ಕಾಣ್ತಿತ್ತು. ನಾನು ಎತ್ಲಿಲ್ಲ."

"ನೋಡು, ಅವನೇ ಒಪ್ಕೊಂಡ!" ರುಸ್ಮಿ ಅತ್ತೆ ಎದ್ದಳು. "ನನಗೆ ಮೈಯೆಲ್ಲ ಉರೀತಿದೆ ಕಣೋ ತರ್ಸೋ. ಕ್ಷಮಿಸ್ದೆ ಅಂತ ಬಾಯಿಮಾತಿಗೆ ಹೇಳೋಳಲ್ಲ ನಾನು. ಹಬ್ಬದ ಮಾರನೇ ದಿನ ಮನೆತುಂಬ ನೆಂಟರು, ಎದುರಿಗೆ ಕೋಳಿ ಸಾರು, ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋಬೇಕು. ಅಲ್ವಾ?"

"ಹೌದಕ್ಕ," ಅಂದ ಅಪ್ಪ. ಅಷ್ಟೇ ಅಂದ.

ಮುರ್ನಿಗೆ ತಡೆಯಲಾಗಲಿಲ್ಲ. ನಗಾರಿಯ ಹಿಂದಿನಿಂದ ಅವಳ ದನಿ ಕೀರಲಾಗಿ ಬಂತು.

"ರೇಡಿಯೋ ತಿರುಗಿಸಿದ್ದು ನಾನು!"

ಎಲ್ಲರೂ ತಿರುಗಿ ನೋಡಿದರು. ಅವಳು ಒಂದೇ ಉಸಿರಿಗೆ ಹೇಳಿದಳು. ಗುಂಡಿ, ಮೀನಿನ ಸುದ್ದಿ, ಸುರಬಾಯ, ಮರೆತುಹೋದ ಮುಳ್ಳು, ಎಲ್ಲ.

ಕರ್ತಾ ಮಾವನ ಮುಖ ಅರಳಿತು. "ಅಗೋ! ನಾನ್ ಹೇಳ್ಲಿಲ್ವಾ? ಹುಡುಗಿ ಮಾಡಿದ್ದು! ತರ್ಸೋ ಮೇಲೆ ಸುಮ್ನೆ ಅಪವಾದ. ಮಗು ಅಲ್ವಾ, ಬಿಟ್ಬಿಡೋಣ, ಮುಗೀತು ವಿಷಯ."

ಜನ ತಲೆಯಾಡಿಸಿದರು. ಎಲ್ಲರ ಹೆಗಲ ಮೇಲಿನ ಭಾರ ಇಳಿದಂತಾಗಿತ್ತು. ಆದರೆ ಅದೆಲ್ಲ ಬಂದು ತನ್ನ ಹೆಗಲ ಮೇಲೆ ಕೂತಂತೆ ಮುರ್ನಿಗೆ ಅನಿಸಿತು.

"ಮುಗಿದಿಲ್ಲ ಮಾವ." ಅಪ್ಪ ಕಂಬ ಬಿಟ್ಟು ಮುಂದೆ ಬಂದ. ಅವನ ದನಿ ಮೊದಲ ಸಲ ಗಟ್ಟಿಯಾಗಿತ್ತು. "ಮುಳ್ಳು ತಿರುಗಿಸಿದ್ದು ಅವಳು. ಅದನ್ನ ಅವಳೇ ಬಂದು ಹೇಳಿದ್ಲು. ಕೋಲು ನನ್ನ ಕೈಲಿತ್ತು, ಅದನ್ನ ನಾನು ಹೇಳ್ತಿದೀನಿ. ನನ್ನದನ್ನೂ ಅವಳ ಮೇಲೆ ಹಾಕ್ಬೇಡಿ."

ರುಸ್ಮಿ ಅತ್ತೆ ಅಪ್ಪನನ್ನೇ ನೋಡಿದಳು. ಆಮೇಲೆ ಮುರ್ನಿಯನ್ನು. ಮತ್ತೆ ಮೆಟ್ಟಿಲ ಮೇಲೆ ಕೂತಳು.

ಹಾಜಿ ಅಜ್ಜ ಗಡ್ಡ ನೀವಿಕೊಂಡರು. "ಕೋಲು ಯಾರ ಕೈಲಿರ್ಬೇಕು ಅಂತ ನಾನೊಬ್ನೇ ಹೇಳಿ ಏನ್ ಪ್ರಯೋಜನ? ನಗಾರಿ ಕೇಳಿದ್ಮೇಲೂ ಊರು ಬಾಯಿ ತೆರೀದೆ ಕೂತ್ರೆ, ಬಾರಿಸೋನು ಯಾರಾದ್ರೇನು? ತರ್ಸೋ, ಇವತ್ತು ನೀನೇ ಬಾರಿಸು. ಊರು ತಿನ್ನುತ್ತಾ ನೋಡೋಣ."

ಜನ ಮನೆಗಳಿಗೆ ಚದುರಿದರು. ಅಪ್ಪ ರೇಡಿಯೋ ಹಚ್ಚಿದ. ಮುರ್ನಿ ಹತ್ತಿರ ಬಂದು ನಿಂತಳು.

"ನಿಂಗೆ ಗೊತ್ತಿತ್ತಲ್ವಾ ಅಪ್ಪಾ?"

"ಗೊತ್ತಿತ್ತು."

"ಮತ್ತೆ ಯಾಕೆ ಬೈಲಿಲ್ಲ?"

"ಮೊದ್ಲು ನನ್ನ ಪಾಲಿಂದು ಮುಗಿಸ್ಬೇಕಿತ್ತು. ಅಷ್ಟರಲ್ಲಿ ನೀನೇ ಬರ್ತೀಯೇನೋ ಅಂತ ನೋಡ್ತಿದ್ದೆ." ಅಪ್ಪ ಅವಳ ಕಿವಿಯನ್ನು ಮೆಲ್ಲಗೆ ಹಿಂಡಿದ. "ಈಗ ಬೈತೀನಿ. ಇನ್ನೊಂದ್ಸಲ ಹೇಳ್ದೆ ಕೇಳ್ದೆ ಇದನ್ನ ಮುಟ್ಟಿದ್ರೆ ನೋಡು! ಹೋಗು, ಅಮ್ಮ ಕಾಯ್ತಿರ್ತಾಳೆ."

ಮುರ್ನಿ ಮನೆಗೆ ಹೋಗಲಿಲ್ಲ. ಮಸೀದಿಯ ಬಾಗಿಲಲ್ಲೇ ನಿಂತಳು. ಕೈಯಲ್ಲಿ ಒಂದು ಖರ್ಜೂರ. ಅಲ್ಲಿಂದ ಓಣಿ ಪೂರ್ತಿ ಕಾಣುತ್ತಿತ್ತು. ಹೊಸ್ತಿಲುಗಳ ಮೇಲೆ ಜನ ತಟ್ಟೆ ಹಿಡಿದು ಕೂತಿದ್ದರು. ಅಲ್ಲೇ ಎದುರು ಮನೆಯಲ್ಲಿ ಗಿನೋ ಅವನ ಅಜ್ಜನ ಕೈಗಡಿಯಾರಕ್ಕೆ ಮೂಗು ತಾಗಿಸಿದ್ದ. ಅವಳು ಹಿಂತಿರುಗಿ ನೋಡಿದಳು. ರೇಡಿಯೋದಲ್ಲಿ ಆಜಾನ್ ಬಂತು. ಅಪ್ಪ ತಲೆಯೆತ್ತಿ ಗಡಿಯಾರ ನೋಡಿದ. ಇನ್ನೊಮ್ಮೆ ನೋಡಿದ. ಕೋಲು ಎತ್ತಿದ.

ಡುಂ! ಡುಂ! ಡುಂ!

ಓಣಿಯಲ್ಲಿ ಯಾರೂ ಅಲುಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿನೋನ ಅಜ್ಜ ಕೈಗಡಿಯಾರವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಕರ್ತಾ ಮಾವ ಕೂಡ ತಟ್ಟೆಯ ಮೇಲೆ ಕೈಯಿಟ್ಟು ಗದ್ದೆಯ ಕಡೆಗೆ ಕಿವಿಗೊಟ್ಟಿದ್ದರು. ಪಕ್ಕದ ಊರಿನ ನಗಾರಿ ಇನ್ನೂ ಕೇಳಿರಲಿಲ್ಲ.

ಬಾಗಿಲ ಬಳಿ ರುಸ್ಮಿ ಅತ್ತೆ ಬಾಣಲಿಯ ಮುಂದಿನಿಂದ ಎದ್ದಳು. ಹುಬ್ಬು ಗಂಟಿಕ್ಕಿಯೇ ಇತ್ತು. ಒಂದು ದೊಡ್ಡ ಬಜ್ಜಿ ಆರಿಸಿ ತೆಗೆದು, ಓಣಿಯ ನಡುವೆ ಬಂದು ನಿಂತು, ಎಲ್ಲರಿಗೂ ಕಾಣುವ ಹಾಗೆ ಕರುಂ ಎಂದು ಕಚ್ಚಿದಳು.

"ಏನ್ ನೋಡ್ತಿದೀರಾ?" ಬಾಯಿತುಂಬ ಬಜ್ಜಿ ತುಂಬಿಕೊಂಡೇ ಗದರಿದಳು. "ನಗಾರಿ ಕೇಳ್ಲಿಲ್ವಾ?"

ಒಂದು ಚಮಚ ಸದ್ದು ಮಾಡಿತು. ಇನ್ನೊಂದು. ಆಮೇಲೆ ಓಣಿಯೆಲ್ಲ ಚಮಚಗಳ ಸದ್ದು. ಮೇಲೆ ಮೈಕಿನಲ್ಲಿ ಅಪ್ಪನ ಆಜಾನ್ ಎರಡನೇ ಸಾಲು ದಾಟಿ ಮುಂದಕ್ಕೆ ಹೋಯಿತು.

ಮುರ್ನಿ ರುಸ್ಮಿ ಅತ್ತೆಯ ಮುಖವನ್ನೇ ನೋಡಿದಳು. ಸಿಟ್ಟು ಇಳಿದಿರಲಿಲ್ಲ. ನಿನ್ನೆ ಎಷ್ಟಿತ್ತೋ ಅಷ್ಟೇ ಇತ್ತು. ಆ ಸಿಟ್ಟಿನ ಪಕ್ಕದಲ್ಲೇ, ಅದೇ ಮುಖದ ಬಾಯಿ ಬಜ್ಜಿಯನ್ನು ಅಗಿಯುತ್ತಿತ್ತು.

ಅವಳು ಖರ್ಜೂರವನ್ನು ಬಾಯಿಗೆ ಹಾಕಿಕೊಂಡಳು. ಈ ಸಲ ಮೆಲ್ಲಗೆ ಅಗಿದಳು.