ಬೇರೆ ಯಾರಾದರೂ ಇದ್ದಾರಾ

"ಬೇರೆ ಯಾರಾದರೂ ಇದ್ದಾರಾ?"

ಕುರ್ಚಿಯಲ್ಲಿ ಕೂತಿದ್ದವನು ಹೀಗೆ ಕೇಳಿದಾಗ ಸಬೋಹತ್ ತಲೆ ಎತ್ತಲಿಲ್ಲ. ಈ ಮಾತು ಅವಳಿಗೆ ಹೊಸದಲ್ಲ. ತಜಿಕಿಸ್ತಾನದ ಖುಜಂದ್ ಬಿಟ್ಟು ಕಜಖ್ ನಾಡಿನ ಅಲ್ಮಾಟಿಗೆ ಬಂದು ಕೆಲವು ವರ್ಷಗಳೇ ಆಗಿದ್ದವು. ಪಾಲಿಕ್ಲಿನಿಕ್‌ನಲ್ಲಿ ರಕ್ತ ತೆಗೆಯುವ ನರ್ಸ್ ಅವಳು. ಅವಳ ಮುಖ ಕಂಡು ಬಾಗಿಲಲ್ಲೇ ಹಿಂಜರಿಯುವವರಿದ್ದರು. ಅವಳ ರಷ್ಯನ್ ಮಾತಿನ ಎಳೆತ ಕೇಳಿ, ನಿಜವಾಗಿ ಓದಿಕೊಂಡಿದ್ದೀಯಾ ಎಂದು ವಿಚಾರಿಸುವವರಿದ್ದರು. ಒಬ್ಬ ಹೆಂಗಸಂತೂ ಬಲು ನಯವಾಗಿ, ನೆಲ ಒರೆಸಿ ಮುಗಿದ ಮೇಲೆ ನರ್ಸನ್ನು ಕಳಿಸಮ್ಮ ಅಂದಿದ್ದಳು.

"ಇವತ್ತು ನಾನೊಬ್ಬಳೇ," ಅಂದಳು ಸಬೋಹತ್. "ನಾನು ಬೇಡ ಅಂದ್ರೆ ನಾಳೆ ಬನ್ನಿ. ನಾಳೇನೂ ನಾನೇ ಇರ್ತೀನಿ."

ಅವನು ಅಂಗಿಯ ತೋಳು ಮಡಚಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಅಷ್ಟೊಂದು ಅಸಹ್ಯವೇ, ಅಂದುಕೊಂಡಳು ಅವಳು. ರಬ್ಬರ್ ಪಟ್ಟಿ ಕಟ್ಟಿ, ಹತ್ತಿಯಲ್ಲಿ ಒರೆಸಿ, ಸೂಜಿ ಇನ್ನೂ ಚರ್ಮ ಮುಟ್ಟಿತ್ತೋ ಇಲ್ಲವೋ, ಆರಡಿ ಆಳು ಕುರ್ಚಿಯಿಂದ ಮೆಲ್ಲಗೆ ಜಾರಿ ನೆಲದ ಮೇಲೆ ಮಲಗಿಬಿಟ್ಟ.

ಅವನು ಕಣ್ಣು ಬಿಟ್ಟಾಗ ಕಾಲುಗಳು ಸ್ಟೂಲಿನ ಮೇಲಿದ್ದವು. ಸಬೋಹತ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅಮೋನಿಯಾ ಹತ್ತಿಯನ್ನು ಮೂಗಿಗೆ ಹಿಡಿದಿದ್ದಳು. ಅವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಕಿವಿಗಳು ಮಾತ್ರ ಕೆಂಪಗೆ ಉರಿಯುತ್ತಿದ್ದವು.

"ಅದಕ್ಕೇ ಕೇಳಿದ್ದು," ಅಂದ. "ಯಾರಾದರೂ ವಯಸ್ಸಾದೋರು ಇದ್ರೆ ಅಂತ. ವರ್ಷಾ ವರ್ಷಾ ಹೀಗೇ ಬೀಳ್ತೀನಿ. ನಿಮ್ಮಂಥೋರ ಮುಂದೆ ಬೀಳೋದು ಬೇಡ ಅನ್ನಿಸ್ತು."

ಅವಳ ಕೈ ನಿಂತಿತು. "ನಮ್ಮಂಥೋರು ಅಂದ್ರೆ?"

ಅವನು ನೆಲದ ಮೇಲಿಂದಲೇ ಅವಳನ್ನು ನೋಡಿದ. ಸುಳ್ಳು ಹೇಳುವ ಶಕ್ತಿ ಇನ್ನೂ ಬಂದಿರಲಿಲ್ಲವೇನೋ.

"ಚೆಂದ ಇರೋರು."

ಈಗಲೇ ಏಳಬೇಡಿ ಎಂದು ಗದರಿ, ಅವಳು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು. ನಗು ತಡೆಯುವುದಕ್ಕೆ ಬೇರೆ ದಾರಿ ಇರಲಿಲ್ಲ.

*

ಅವನ ಹೆಸರು ರೋಡಿಯೋನ್ ಹೆಗಾಯ್. ಟ್ರಾಲಿಬಸ್ ಡ್ರೈವರ್. ಕೆಲಸದವರ ವಾರ್ಷಿಕ ತಪಾಸಣೆಗೆ ಬಂದಿದ್ದ. ಮುತ್ತಜ್ಜನ ಕಾಲದಲ್ಲಿ ಸೋವಿಯತ್ ಸರ್ಕಾರ ಗೂಡ್ಸ್ ರೈಲಿಗೆ ತುಂಬಿ ಇಲ್ಲಿಗೆ ತಂದು ಇಳಿಸಿದ ಕೊರಿಯನ್ನರ ಮನೆತನ. ರಿಪೋರ್ಟು ಫೋನಿನಲ್ಲೇ ಬರುತ್ತದೆಂದು ಗೊತ್ತಿದ್ದರೂ ಅದನ್ನು ಕೇಳಿಕೊಂಡು ಖುದ್ದಾಗಿ ಬಂದ. ಕೈಯಲ್ಲಿ ಒಂದು ಡಬ್ಬಿ, ಅದರ ತುಂಬ ಬೆಳ್ಳುಳ್ಳಿ ಒಗ್ಗರಣೆಯ ಖಾರದ ಕ್ಯಾರೆಟ್. ಬಿದ್ದದ್ದಕ್ಕೆ ದಂಡ, ಅಂದ.

ಮಾರ್ಕೆಟ್ಟಿನಿಂದ ಹೊರಡುವ ಅವನ ಬಸ್ಸು ಪಾಲಿಕ್ಲಿನಿಕ್ ಮುಂದೆಯೇ ಹಾಯುತ್ತಿತ್ತು. ಸಂಜೆ ಕೆಲಸ ಮುಗಿಸಿದ ಸಬೋಹತ್ ಮೊದಲು ಬಂದ ಬಸ್ಸನ್ನು ಹೋಗಗೊಟ್ಟು ಅವನದಕ್ಕೆ ಕಾಯತೊಡಗಿದಳು. ಕಾಯುತ್ತಿದ್ದೇನೆ ಎಂದು ತನಗೆ ತಾನೇ ಒಪ್ಪಿಕೊಳ್ಳುವುದಕ್ಕೆ ಇನ್ನೂ ಕೆಲವು ದಿನ ಬೇಕಾದವು.

ಮುಂದಿನ ಸೀಟಿನಲ್ಲಿ ಕೂತರೆ ಡ್ರೈವರ್ ಕನ್ನಡಿಯಲ್ಲಿ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು. ಕೆಂಪು ದೀಪ ಬಿದ್ದಾಗ ಆ ಕಣ್ಣುಗಳು ಇವಳ ಕಡೆ ಬರುತ್ತಿದ್ದವು. ಇವಳು ಹಿಮ ಹೊದ್ದ ಬೆಟ್ಟಗಳನ್ನು ನೋಡುವವಳಂತೆ ಕಿಟಕಿಗೆ ತಿರುಗುತ್ತಿದ್ದಳು. ಹಸಿರು ಬಿದ್ದೊಡನೆ ಕಣ್ಣುಗಳು ರಸ್ತೆಗೆ ಮರಳುತ್ತಿದ್ದವು. ಆಗ ಇವಳು ನೋಡುತ್ತಿದ್ದಳು. ಊರಿನ ದೀಪಗಳೆಲ್ಲ ಕೆಂಪಾಗಿಯೇ ಇರಬಾರದೇ ಅನ್ನಿಸುತ್ತಿತ್ತು.

ಕೊನೆಯ ಸ್ಟಾಪಿನಲ್ಲಿ ಅವನಿಗೆ ಸ್ವಲ್ಪ ಬಿಡುವು. ಖಾಲಿ ಬಸ್ಸಿನಲ್ಲಿ ಕೂತು ಫ್ಲಾಸ್ಕಿನ ಚಹಾ ಹಂಚಿಕೊಳ್ಳುತ್ತಿದ್ದರು. ಬಾಡಿಗೆ ಮನೆ ಹುಡುಕಿದ ಕತೆಯನ್ನು ಅವಳು ಹೇಳಿದಳು. ಫೋನಿನಲ್ಲಿ ಬನ್ನಿ ಬನ್ನಿ ಅನ್ನುವವರು ಹೆಸರು ಕೇಳಿದ ಕೂಡಲೇ, ಅಯ್ಯೋ ಮನೆ ಈಗ ತಾನೇ ಹೋಯ್ತಲ್ಲ ಅನ್ನುತ್ತಿದ್ದರಂತೆ. ಅವನು ಕೊರಿಯಾದ ಕಾರ್ಖಾನೆಯಲ್ಲಿ ದುಡಿಯಲು ಹೋದ ಕತೆ ಹೇಳಿದ. ಅಲ್ಲಿಯವರು ಅವನನ್ನು ರಷ್ಯನ್ ಎಂದು ಕರೆದರು. ಇಲ್ಲಿ ಚಿಲ್ಲರೆ ಜಗಳವಾದರೂ ಸಾಕು, ನಿನ್ನ ಕೊರಿಯಾಕ್ಕೆ ಹೋಗು ಅನ್ನುತ್ತಾರೆ.

"ಹಾಗಾದ್ರೆ ನಿಮ್ಮ ಊರು ಯಾವುದು?"

"ಮಾರ್ಕೆಟ್‌ನಿಂದ ಇಲ್ಲೀವರೆಗೆ," ಅಂದ ಅವನು. "ವಾಪಸ್ಸೂ ಸೇರಿ."

ಅವಳು ಚಹಾ ಚೆಲ್ಲುವಷ್ಟು ನಕ್ಕಳು. ಇಂಥ ಸಂಗತಿಗಳಿಗೂ ನಗಬಹುದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎಲೆ ಉದುರುವ ಕಾಲದ ಒಂದು ಸಂಜೆ ಬಸ್ಸು ಕಿಕ್ಕಿರಿದಿತ್ತು. ಒಳ್ಳೆಯ ಕೋಟು ತೊಟ್ಟವನೊಬ್ಬ ಸಬೋಹತ್ ಸೀಟಿಗೆ ಒತ್ತಿ ನಿಂತು, ಎಲ್ಲಿಂದಲೋ ಬಂದವರು ಸೀಟು ಹಿಡಿದರೆ ನಮ್ಮವರು ನಿಲ್ಲಬೇಕು ನೋಡಿ ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದ. ಸ್ಟಾಪ್ ಬರುವ ಮೊದಲೇ ಬಸ್ಸು ನಿಂತಿತು. ರೋಡಿಯೋನ್ ಕ್ಯಾಬಿನ್ನಿನಿಂದ ಬಂದು ಆ ಮನುಷ್ಯನಿಗೆ ಇಳಿಯಲು ಹೇಳಿದ. ಅವನು ಗೊಣಗುತ್ತ ಇಳಿದ. ಪಕ್ಕದಲ್ಲಿದ್ದ ಕಜಖ್ ಅಜ್ಜಿ ಚೀಲದಿಂದ ಒಣಗಿಸಿದ ಮೊಸರಿನ ಉಂಡೆ ತೆಗೆದು ಸಬೋಹತ್ ಅಂಗೈಗಿಟ್ಟು, ತಿನ್ನು ಮಗಳೇ, ಆ ಕೋಟಿನವನಿಗೆ ಮನೆಯಲ್ಲಿ ಊಟ ಹಾಕಿಲ್ಲ ಅನ್ನಿಸುತ್ತೆ, ಅಂದಳು.

ಕೊನೆಯ ಸ್ಟಾಪಿನಲ್ಲಿ ರೋಡಿಯೋನ್ ಒಂದು ಮೆಚ್ಚುಗೆಯ ಮಾತಿಗೆ ಕಾದ. ಅವಳ ಮುಖ ಬಿಗಿದಿತ್ತು.

"ಆ ಮನುಷ್ಯ ನಾಳೇನೂ ಇದೇ ಬಸ್ಸು ಹತ್ತಾನೆ. ನೀವು ಗಾಜಿನ ಆಚೆ ಇರ್ತೀರಿ. ಅವನ ಪಕ್ಕದಲ್ಲಿ ನಿಲ್ಲೋಳು ನಾನು."

ಅವನು ಯೋಚಿಸಿದ. ವಾದ ಮಾಡಲಿಲ್ಲ. "ಏನು ಮಾಡ್ಬೇಕಿತ್ತು ನಾನು?"

"ನನ್ನನ್ನ ಕೇಳ್ಬೇಕಿತ್ತು."

ಅಂದಿನಿಂದ ಅವನು ಕೇಳತೊಡಗಿದ. ಇಲ್ಲಿ ಕೂರೋಣವಾ, ಈ ಮಾತು ಬೇಸರವಾಯಿತಾ, ಕೈ ಹಿಡಿಯಲಾ. ಸಬೋಹತ್ ಸೋತದ್ದು ಅವನ ಕಣ್ಣಿಗಲ್ಲ, ಆ ಕೇಳುವಿಕೆಗೆ.

*

ಅವಳು ಅಣ್ಣ ಬಹ್ರೋಮ್ ಜೊತೆಗಿದ್ದಳು. ಗಾರೆ ಕೆಲಸದವನು, ತಂಗಿಯೆಂದರೆ ಜೀವ. ವಿಷಯ ತಿಳಿದಾಗ ಅವನು ಮೊದಲು ಕೇಳಿದ್ದು, ಆ ನಾಯಿ ತಿನ್ನುವ ಕೊರಿಯನ್ನರ ಮನೆಗಾ ಎಂದು. ನಮ್ಮ ಬಗ್ಗೆ ಜನ ಆಡುವ ಮಾತೂ ಇದೇ ಜಾತಿಯದ್ದಲ್ಲವಾ ಅಣ್ಣ, ಅಂದಳು ಅವಳು. ನಮ್ಮನ್ನು ಕಂಡರೆ ಮೂಗು ಮುರಿಯುವ ಊರಿನಲ್ಲಿ ಸೊಸೆಯಾಗಿ ಬಾಳುವುದು ಸುಲಭವಲ್ಲ ಎಂದಷ್ಟೇ ಹೇಳಿ ಅವನು ಹೊರಗೆ ಹೋದ.

ರೋಡಿಯೋನ್ ಅಕ್ಕನ ಮಗಳಿಗೆ ಒಂದು ವರ್ಷ ತುಂಬಿತು. ಕೊರಿಯನ್ನರಿಗೆ ಅದು ಮದುವೆಯಷ್ಟೇ ದೊಡ್ಡ ಹಬ್ಬ. ಬರ್ತೀರಾ ಎಂದು ಅವನು ಕೇಳಿದ. ಸಬೋಹತ್ ಪೆಟ್ಟಿಗೆಯ ತಳದಿಂದ ಊರಿನ ರೇಷ್ಮೆ ಉಡುಪು ತೆಗೆದು ಇಸ್ತ್ರಿ ಮಾಡಿದಳು. ನೀಲಿ, ಹಳದಿ, ಕೆಂಪು ಬಣ್ಣಗಳು ಒಂದರೊಳಗೊಂದು ಹರಿದ ಉಡುಪು. ಕನ್ನಡಿಯ ಮುಂದೆ ನಿಂತು, ರೋಡಿಯೋನ್ ತಾಯಿಗೆ ಹೇಳಬೇಕಾದ ಶುಭಾಶಯವನ್ನು ಎಳೆತವಿಲ್ಲದ ರಷ್ಯನ್ನಿನಲ್ಲಿ ಹೇಳಿ ಹೇಳಿ ಕಲಿತಳು.

ಮನೆಯ ಕೆಳಗೆ ಕಾರು ನಿಲ್ಲಿಸಿ, ಪಾನೀಯದ ಪೆಟ್ಟಿಗೆ ಇಳಿಸಿಕೊಂಡು ಬರುತ್ತೇನೆ, ನೀವು ನಡೀರಿ ಅಂದ ಅವನು. ಬಾಗಿಲು ತೆರೆದದ್ದು ಅವನ ತಾಯಿ, ನಿವೃತ್ತ ಗಣಿತ ಟೀಚರ್ ನೆಲ್ಲಿ ಹೆಗಾಯ್. ಒಳಗೆ ನೆಂಟರ ಗದ್ದಲ. ಆಕೆ ಸಬೋಹತ್ ಮುಖವನ್ನು ಒಂದು ಸಲ ನೋಡಿದಳು.

"ಇಷ್ಟು ಹೊತ್ತಿಗಾ ಬರೋದು? ಅಡುಗೆಮನೆ ಆ ಕಡೆ," ಎಂದು ಕೈಗೊಂದು ಏಪ್ರನ್ ಕೊಟ್ಟು ಒಳಗೆ ಹೋದಳು.

ಪಾತ್ರೆ ತೊಳೆಯಲು ಯಾರನ್ನೋ ಗೊತ್ತು ಮಾಡಿದ್ದರು. ಅವರಿನ್ನೂ ಬಂದಿರಲಿಲ್ಲ.

ಸಬೋಹತ್ ಏಪ್ರನ್ ಹಿಡಿದು ನಿಂತಳು. ಹೇಳಬಹುದಿತ್ತು. ಹೇಳಿದರೆ ಮನೆ ತುಂಬ ನೆಂಟರ ಮುಂದೆ ಈ ಹೆಂಗಸಿನ ಮುಖ ಎಲ್ಲಿಡಬೇಕು? ಕಲಿತಿದ್ದ ಶುಭಾಶಯ ಗಂಟಲಲ್ಲೇ ಉಳಿಯಿತು. ರೇಷ್ಮೆಯ ಮೇಲೆ ಏಪ್ರನ್ ಕಟ್ಟಿಕೊಂಡು ಸಿಂಕಿನ ಮುಂದೆ ನಿಂತಳು.

ಕೋಣೆ ಕೋಣೆ ಹುಡುಕಿದ ರೋಡಿಯೋನ್ ಕೊನೆಗೆ ಅಡುಗೆಮನೆಗೆ ಬಂದಾಗ ಅವಳು ಮೊಣಕೈವರೆಗೆ ಸೋಪಿನ ನೊರೆಯಲ್ಲಿದ್ದಳು. ಹಿಂದೆಯೇ ತಟ್ಟೆಗೆಂದು ಬಂದ ತಾಯಿ ಮಗನ ಮುಖ ನೋಡಿ ನಿಂತುಬಿಟ್ಟಳು.

"ಅಮ್ಮ, ಇವರೇ ಸಬೋಹತ್."

ನೆಲ್ಲಿಯ ಬಾಯಿಂದ ಬಂದದ್ದು ಕ್ಷಮೆಯಲ್ಲ. "ಹೇಳ್ಬಾರ್ದಿತ್ತಾ ನೀನು?" ಎಂದಳು, ತಪ್ಪು ಈ ಹುಡುಗಿಯದೇ ಎಂಬಂತೆ.

ಸಬೋಹತ್ ಏಪ್ರನ್ ಬಿಚ್ಚಿ, ಮಡಚಿ, ಮಗುವಿಗೆ ಒಳ್ಳೆಯದಾಗಲಿ ಎಂದು ಮೆಟ್ಟಿಲಿಳಿದಳು. ಅವನು ಓಡಿ ಬಂದು ಕೆಳಗಿನ ಬಾಗಿಲಲ್ಲಿ ಸಿಕ್ಕ. ಉಸಿರು ಕಟ್ಟುತ್ತಿದ್ದರೂ ಮೊದಲು ಕೇಳಿದ್ದು, ಏನು ಮಾಡಲಿ ಎಂದೇ.

"ಏನೂ ಮಾಡ್ಬೇಡ. ನನ್ನ ಪರವಾಗಿ ಅಮ್ಮನ ಹತ್ರ ಜಗಳ ಆಡ್ಬೇಡ. ನೀನು ಒಳಗೆ ಹೋಗು, ಮಗೂ ಹಬ್ಬ."

ಅರ್ಧ ದಾರಿ ನಡೆದ ಮೇಲೆ ಅವಳಿಗೆ ನೆನಪಾಯಿತು, ಅವನನ್ನು ಮೊದಲ ಸಲ ನೀನು ಅಂದಿದ್ದೆ ಎಂದು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

*

ಆಮೇಲೆ ಅವಳು ಬೇರೆ ಬಸ್ಸಿನಲ್ಲಿ ಓಡಾಡಿದಳು. ಖುಜಂದ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಗುವುದೇ ಎಂದು ಗೆಳತಿಯನ್ನು ವಿಚಾರಿಸಿದಳು. ಬಹ್ರೋಮ್, ನಾನು ಮೊದಲೇ ಹೇಳಿದ್ದೆ ಎಂದು ಒಮ್ಮೆಯೂ ಅನ್ನಲಿಲ್ಲ. ದಿನವೂ ಬಿಸಿ ರೊಟ್ಟಿ ತಂದು ಅವಳ ಮುಂದಿಟ್ಟು ಸುಮ್ಮನೆ ಕೂರುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಟವೆಲ್ ಸುತ್ತಿದ ದೊಡ್ಡ ಪಾತ್ರೆಯನ್ನು ಎದೆಗವಚಿಕೊಂಡು, ಲಿಫ್ಟಿಲ್ಲದ ಮನೆಯ ಮೆಟ್ಟಿಲುಗಳನ್ನು ಹತ್ತಿ ಏದುಸಿರು ಬಿಡುತ್ತ ನೆಲ್ಲಿ ನಿಂತಿದ್ದಳು. ಬಹ್ರೋಮ್ ಬೈಗುಳ ಸಿದ್ಧ ಮಾಡಿಟ್ಟುಕೊಂಡಿದ್ದ. ಆದರೆ ಬಾಗಿಲಿಗೆ ಬಂದವರನ್ನು ಬೈದು ಅವನಿಗೆ ಅಭ್ಯಾಸವಿಲ್ಲ. ಮೇಜಿನ ಮೇಲೆ ಬಟ್ಟೆ ಹಾಸಿ ಚಹಾ ಬಗ್ಗಿಸಿದ.

"ಅವನು ಕಳಿಸಿದ್ದಲ್ಲ," ಅಂದಳು ನೆಲ್ಲಿ. "ವಿಳಾಸ ಪಾಲಿಕ್ಲಿನಿಕ್ಕಿನೋರ ಹತ್ರ ಕೇಳ್ಕೊಂಡೆ. ಆ ವಿಷಯಕ್ಕೆ ಒಂದು ಮಾತೂ ಆಡಿಲ್ಲ ಅವನು. ಬೈದಿದ್ರೆ ನಾನೂ ಬೈದು ಹಗುರಾಗ್ತಿದ್ದೆ."

ಚಹಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ತಾಯಿಯ ಮಾತು ತೆಗೆದಳು. ತಾಯಿ ಬೇಸಿಗೆಯಲ್ಲಿ ರಷ್ಯಾಕ್ಕೆ ಹೋಗಿ ಈರುಳ್ಳಿ ಬೆಳೆದು ಮಾರುತ್ತಿದ್ದಳು. ಅಲ್ಲಿಯ ಹುಡುಗರು ಬೆರಳಿನಿಂದ ಕಣ್ಣನ್ನು ಎಳೆದು ತೋರಿಸಿ ಅಣಕಿಸುತ್ತಿದ್ದರು. ಪುಟ್ಟ ನೆಲ್ಲಿ ಮೂಟೆಗಳ ಹಿಂದೆ ಅಡಗಿ ಕೂರುತ್ತಿದ್ದಳು.

"ಅವರನ್ನ ನಾನು ಇವತ್ತಿಗೂ ಕ್ಷಮಿಸಿಲ್ಲ. ನೀನೂ ನನ್ನನ್ನ ಕ್ಷಮಿಸ್ಬೇಕಿಲ್ಲ. ಮುಖ ನೋಡಿದೆ, ಏಪ್ರನ್ ಕೊಟ್ಟೆ. ಯೋಚನೇನೇ ಮಾಡ್ಲಿಲ್ಲ. ಅದೇ ನಂಗೆ ನಿದ್ದೆ ಕೆಡಿಸಿದ್ದು." ಸ್ವಲ್ಪ ತಡೆದು ಕೇಳಿದಳು, "ನೀನು ಯಾಕಮ್ಮ ಹೇಳ್ಲಿಲ್ಲ?"

"ನೆಂಟರ ಮುಂದೆ ನಿಮಗೆ ಅವಮಾನ ಆಗೋದು ಬೇಡ ಅಂತ."

ನೆಲ್ಲಿ ತಲೆ ತಗ್ಗಿಸಿದಳು. ಆಮೇಲೆ ಆಕೆ ಮೂಗು ಒರೆಸಿಕೊಂಡು ಪಾತ್ರೆಯ ಮುಚ್ಚಳ ತೆಗೆದಳು. ತಣ್ಣನೆಯ ಸಾರಿನಲ್ಲಿ ತೆಳು ಶಾವಿಗೆ, ಮೇಲೆ ಸೌತೆಕಾಯಿ, ಮಾಂಸದ ಚೂರು. ಬಹ್ರೋಮ್ ಅದನ್ನು ಇಣುಕಿ ನೋಡಿ ಹಿಂದೆ ಸರಿದ.

"ದನದ್ದು. ಹಲಾಲ್ ಅಂಗಡಿಯದ್ದೇ," ಅಂದಳು ನೆಲ್ಲಿ. "ಇನ್ನು, ನೀನು ಮನಸ್ಸಲ್ಲಿ ಕೇಳ್ತಿರೋ ಪ್ರಶ್ನೆಗೆ ಉತ್ತರ, ಅಲ್ಲ."

ಬಹ್ರೋಮ್ ಕುತ್ತಿಗೆವರೆಗೂ ಕೆಂಪಾದ. ಸಬೋಹತ್ ಬಾಯಿಗೆ ಕೈ ಅಡ್ಡ ಹಿಡಿದಳು. ಮೊದಲು ನಕ್ಕವಳು ನೆಲ್ಲಿ. ಆ ನಗು ಮೂವರಿಗೂ ಹತ್ತಿಕೊಂಡು, ಕೋಣೆಯಲ್ಲಿ ಅಷ್ಟು ದಿನದಿಂದ ಕಟ್ಟಿದ್ದ ಗಾಳಿ ಸಡಿಲವಾಯಿತು. ಬಹ್ರೋಮ್ ಮತ್ತೆ ಮತ್ತೆ ಬಡಿಸಿಕೊಂಡ. ಮುಂದಿನ ವಾರ ಊಟಕ್ಕೆ ಬಾ, ನೆಂಟರ ಹಾಗೆ ಬಾ, ಬಡಿಸೋದು ನಾನು, ಅಂದಳು ನೆಲ್ಲಿ. ಸಬೋಹತ್ ಹೂಂ ಅಂದಳು.

ಆಮೇಲೆ ಕೋಟು ತೊಟ್ಟು, ಎಲ್ಲಿಗೆ ಎಂದು ಅಣ್ಣ ಕೇಳುವ ಮೊದಲೇ ಮೆಟ್ಟಿಲಿಳಿದು ಓಡಿದಳು.

*

ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿ ನಿಂತಿತ್ತು. ಅವಳನ್ನು ಕಂಡ ರೋಡಿಯೋನ್ ಎದ್ದ ರಭಸಕ್ಕೆ ತಲೆ ಕ್ಯಾಬಿನ್ನಿನ ಚಾವಣಿಗೆ ಬಡಿಯಿತು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಬಹ್ರೋಮ್ ಎಷ್ಟು ತಿಂದ ಎಂಬುದನ್ನೂ ಬಿಡಲಿಲ್ಲ. ಅವನು ಕೇಳುತ್ತ ಕೇಳುತ್ತ ಪಕ್ಕದ ಸೀಟಿನಲ್ಲಿ ಕುಸಿದು ಕೂತ.

"ಒಂದು ಕೇಳಬಹುದಾ?" ಅಂದ. "ಅಮ್ಮ ಮತ್ತೆ ಏನಾದ್ರೂ ಅಂತಾಳೆ. ನಿನ್ನ ಅಣ್ಣಾನೂ ಅಂತಾನೆ. ಬೀದೀಲಿ ಇಬ್ಬರನ್ನೂ ಒಟ್ಟಿಗೆ ನೋಡಿದೋರು ಇನ್ನೂ ಜಾಸ್ತಿ ಅಂತಾರೆ. ಹಾಗಿದ್ದೂ ನನ್ನ ಮದ್ವೆ ಆಗ್ತೀಯಾ?"

ಅವಳು ಬೆಟ್ಟಗಳ ಕಡೆಗೆ ತಿರುಗಲಿಲ್ಲ. ಅವನನ್ನೇ, ಹತ್ತಿರದಿಂದ, ಸಾಕೆನಿಸುವಷ್ಟು ನೋಡಿದಳು.

"ಇಷ್ಟು ದಿನ ಒಬ್ಬಳೇ ಕೇಳಿಸ್ಕೊಂಡೆ, ರೋಡಿಯಾ. ಇನ್ಮೇಲೆ ಇಬ್ಬರೂ ಕೇಳಿಸ್ಕೊಳ್ಳೋಣ. ಆಗ್ತೀನಿ."

ಅವನು ಕೈ ಚಾಚಿದ. ಈ ಸಲ ಕೇಳುವುದಕ್ಕೂ ಅವನಿಗೆ ಮಾತು ಹೊರಡಲಿಲ್ಲ. ಅವಳೇ ಹಿಡಿದುಕೊಂಡಳು.

ಹೊರಗೆ ಜನ ಬಾಗಿಲು ತಟ್ಟತೊಡಗಿದರು. ಹೊರಡುವ ಹೊತ್ತು ಮೀರಿತ್ತು. ಅವನು ಬಾಗಿಲು ತೆರೆದ. ಚೀಲ, ಮಕ್ಕಳು, ಊರುಗೋಲುಗಳ ಜೊತೆ ಜನ ಹತ್ತಿಕೊಂಡರು. ಕೈ ತುಂಬ ಸಾಮಾನು ಹಿಡಿದ ಹೆಂಗಸೊಬ್ಬಳು ಬಸ್ಸಿನಲ್ಲಿ ಅಷ್ಟೂ ಜನರಿದ್ದರೂ ಸಬೋಹತ್ ಕಡೆಗೇ ಬಗ್ಗಿ, ಹುಟ್ಟಿದಾಗಿನಿಂದ ಇಲ್ಲೇ ಇರುವವರನ್ನು ಕೇಳುವ ಹಾಗೆ, ಇದು ಮಾರ್ಕೆಟ್ಟಿಗೆ ಹೋಗುತ್ತಾ ಅಮ್ಮಾ ಎಂದು ಕೇಳಿದಳು.

"ಹೋಗುತ್ತೆ, ಕೂತ್ಕೊಳ್ಳಿ," ಎಂದು ಸಬೋಹತ್ ಕಿಟಕಿಯ ಕಡೆ ಸರಿದು ಜಾಗ ಬಿಟ್ಟಳು.