ದಿನಾಂಕವಿಲ್ಲದ ರಾಜೀನಾಮೆ

ಬಂದೂಕಿನ ನಳಿಗೆ ನನ್ನ ಬೆನ್ನಿಗೆ ಒತ್ತಿತ್ತು. ಎಡಗಡೆ, ಮೂರನೇ ಪಕ್ಕೆಲುಬಿನ ಹತ್ತಿರ. ಎಣಿಸಲು ಬೇಕಾದಷ್ಟು ಸಮಯವಿತ್ತು.

"ಅಲ್ಲಾಡಿದ್ರೆ ಸುಟ್ಟುಬಿಡ್ತೀನಿ," ಎಂದ ಕಾವಲುಗಾರ.

ನಾನು ಅಲ್ಲಾಡಲಿಲ್ಲ. ಸಂಸತ್ ಭವನದ ಮೂರನೇ ಗೇಟು. ಕೆನ್ನೆ ನೆಲಕ್ಕೆ ಅಂಟಿತ್ತು. ಕನ್ನಡಕ ಎಲ್ಲಿಗೋ ಹಾರಿಹೋಗಿತ್ತು...

ಗಂಟೆ ಹತ್ತು ನಲವತ್ತೊಂದು.

ಹನ್ನೊಂದಕ್ಕೆ ನಮ್ಮ ಸಾಹೇಬರ ಕತೆ ಮುಗಿಯಲಿತ್ತು. ಇಪ್ಪತ್ತೆರಡು ವರ್ಷದಿಂದ ಸಂಸದ. ಕೊಲೆಗಾರ ಹೊರಗಿನವನಲ್ಲ. ನಾನೇ.

ನೀವು ಒಂದು ತಾರೀಕಿನ ಬಗ್ಗೆ ಕೇಳಿದಿರಿ. ಉತ್ತರ ಸ್ವಲ್ಪ ಉದ್ದ.

ಸಾಹೇಬರು ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರು. ಎರಡು ಬಣಗಳು ಟಿಕೆಟಿಗಾಗಿ ಕಚ್ಚಾಡಿದಾಗ, ಯಾರಿಗೂ ಬೇಡದವನು ಎಲ್ಲರಿಗೂ ಆಗುತ್ತಾನೆ ಎಂಬ ಲೆಕ್ಕದಲ್ಲಿ ಪಕ್ಷ ಅವರನ್ನು ನಿಲ್ಲಿಸಿತು. ಗೆದ್ದರು. ಅವರನ್ನು ನೋಡಿಕೊಳ್ಳಲು ಪಕ್ಷ ನನ್ನನ್ನು ನೇಮಿಸಿತು. ಹುದ್ದೆ ಆಪ್ತ ಸಹಾಯಕ. ಕೆಲಸ ಬೇರೆ. ಗಲಾಟೆ ಮುಚ್ಚುವುದು, ಬಾಯಿ ಮುಚ್ಚಿಸುವುದು, ಮುಖ್ಯವಾಗಿ ಸಾಹೇಬರ ಬಾಯಿ. ಭವನದಲ್ಲಿ ನನ್ನನ್ನು ಎಲ್ಲರೂ ಜಿಗಣೆ ಎನ್ನುತ್ತಿದ್ದರು. ನನಗೆ ಅದು ಪದವಿಯಂತೆ ಕೇಳಿಸುತ್ತಿತ್ತು.

ಮೊದಲ ವರ್ಷ ಸಾಹೇಬರು ಒಂದು ಪ್ರಶ್ನೆ ಬರೆದುಕೊಂಡು ಬಂದಿದ್ದರು. ತಮ್ಮ ಊರಿನ ರೈಲ್ವೆ ಕ್ರಾಸಿಂಗಿಗೆ ಗೇಟು ಯಾವಾಗ ಹಾಕುತ್ತೀರಿ? ಅಷ್ಟೇ. ಮಂತ್ರಿ ನಮ್ಮ ಪಕ್ಷದವರು, ಮುಜುಗರವಾಗುತ್ತದೆ ಎಂದು ನಾನು ಕೈಹಿಡಿದು ಕೂರಿಸಿದೆ. ಆಮೇಲೆ ಅವರು ಏಳಲೇ ಇಲ್ಲ. ನಾವಿಬ್ಬರೂ ಒಂದು ಸನ್ನೆ ಮಾಡಿಕೊಂಡೆವು. ಯಾರಾದರೂ ಏನಾದರೂ ಕೇಳಿದರೆ ನನ್ನ ಕಡೆ ನೋಡಬೇಕು. ನಾನು ಕಿವಿ ಮುಟ್ಟಿದರೆ ಹೌದು. ಕನ್ನಡಕ ಮುಟ್ಟಿದರೆ ಇಲ್ಲ.

ಇಪ್ಪತ್ತೆರಡು ವರ್ಷ ದೇಶದ ಆಡಳಿತ ಹೀಗೆ ನನ್ನ ಮೂಗು, ಕಿವಿಯ ಮೇಲೆ ನಡೆಯಿತು.

ಆ ವಾರ ಪಕ್ಷ ಒಡೆಯುತ್ತದೆ ಎಂಬ ಗುಸುಗುಸು ಎದ್ದಿತು. ನಾಯಕರು ಹಳೆಯ ಉಪಾಯ ತೆಗೆದರು. ಪ್ರತಿಯೊಬ್ಬ ಸದಸ್ಯನೂ ಸ್ಪೀಕರ್ ಹೆಸರಿಗೆ ರಾಜೀನಾಮೆ ಬರೆದು, ಸಹಿ ಹಾಕಿ, ದಿನಾಂಕದ ಜಾಗ ಖಾಲಿ ಬಿಟ್ಟು ನಾಯಕರ ಕೈಗೆ ಕೊಡಬೇಕು. ಬಾಲ ಬಿಚ್ಚಿದರೆ ನಾಯಕರೇ ದಿನಾಂಕ ಬರೆದು ಕಳಿಸುತ್ತಾರೆ. ಕೊರಳಿಗೆ ಹಗ್ಗ ಹಾಕಿ, ತುದಿ ಇನ್ನೊಬ್ಬರಿಗೆ ಕೊಟ್ಟ ಹಾಗೆ.

ನಾನೇ ಟೈಪ್ ಮಾಡಿದೆ. ಶಿಫಾರಸು ಪತ್ರಗಳ ಕಟ್ಟಿನ ನಡುವೆ ತೂರಿಸಿ ಸಹಿ ಮಾಡಿಸಿದೆ. ಸಾಹೇಬರು ಎಂದೂ ಓದುವವರಲ್ಲ. ಬೆಳಗ್ಗೆ ನಾಯಕರಿಗೆ ತಲುಪಿಸಿದರಾಯಿತೆಂದು ಟ್ರೇಯಲ್ಲಿ ಇಟ್ಟು ಮನೆಗೆ ಹೋದೆ.

ಬೆಳಗ್ಗೆ ಟ್ರೇ ಖಾಲಿ.

ನಮ್ಮ ಆಫೀಸಿನಲ್ಲಿ ಟಪಾಲು ನೋಡುವವರು ಸಾಹೇಬರ ಅತ್ತಿಗೆ. ಪರೀಕ್ಷಾ ಮಂಡಳಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅಲ್ಪವಿರಾಮ ತಪ್ಪಿದರೂ ಕೆಂಪು ಶಾಯಿ.

"ಅತ್ತಿಗೆ... ಸ್ಪೀಕರಿಗೆ ಬರೆದ ಪತ್ರ ಎಲ್ಲಿ?"

"ಹೋಯ್ತಲ್ಲಪ್ಪ. ಒಂಬತ್ತೂವರೆ ಟಪಾಲಿಗೆ."

"ಓದಿದ್ರಾ?"

"ಬೇರೆಯವರ ಪತ್ರ ಓದೋ ಚಾಳಿ ನಂಗಿಲ್ಲ. ತಾರೀಕು ಇರಲಿಲ್ಲ, ಹಾಕ್ದೆ. ತಾರೀಕಿಲ್ಲದ ಕಾಗದ ಬಾಗಿಲು ದಾಟಬಾರದು ಅಂತ ಬೋರ್ಡ್ ಬರೆದು ನೇತುಹಾಕಿದ್ದು ಯಾರು?"

ಗೋಡೆ ನೋಡಿದೆ. ಬೋರ್ಡು ಅಲ್ಲೇ ಇತ್ತು. ಅಕ್ಷರ ನನ್ನದು. ಕೆಳಗೆ ಎರಡು ಗೆರೆ ಎಳೆದವನೂ ನಾನೇ.

ಫೋನು ಬಡಿದುಕೊಂಡಿತು. ಸ್ಪೀಕರ್ ಕಚೇರಿ. ಹನ್ನೊಂದಕ್ಕೆ ಸಾಹೇಬರನ್ನು ಕೊಠಡಿಗೆ ಕರೆಸಿದ್ದಾರಂತೆ. ರಾಜೀನಾಮೆ ಒತ್ತಾಯದಿಂದ ಕೊಟ್ಟದ್ದೋ, ಸ್ವಂತ ಇಚ್ಛೆಯಿಂದಲೋ ಎಂದು ಮುಖಾಮುಖಿ ಕೇಳುವುದು ನಿಯಮ. ಸ್ಪೀಕರೋ ಎದುರಾಳಿ ಪಕ್ಷದವರು. ಹೌದು ಎಂದರೆ ಅಲ್ಲೇ ಅಂಗೀಕಾರ. ಸಾಹೇಬರ ಫೋನು ಭವನದ ಲಾಕರಿನಲ್ಲಿ. ಅವರು ಚಹಾಕ್ಕೆ ಕರೆದಿದ್ದಾರೆ ಎಂದುಕೊಂಡು ನಗುನಗುತ್ತಾ ಹೋಗುತ್ತಾರೆ. ಇಪ್ಪತ್ತೆರಡು ವರ್ಷ ಎಲ್ಲದಕ್ಕೂ ಹೌದು ಅಂದು ಪಳಗಿದ ಬಾಯಿ!

ಓಡಿದೆ. ಟ್ಯಾಕ್ಸಿ ಸಿಗ್ನಲ್ಲಿನಲ್ಲಿ ನಿಂತಿತು. ಇಳಿದು ಓಡಿದೆ. ಐವತ್ತಮೂರು ವರ್ಷದ ಮಂಡಿ ಪ್ರತಿ ಹೆಜ್ಜೆಗೂ ಬೈಯಿತು. ಗೇಟಿಗೆ ಬಂದು ಜೇಬಿಗೆ ಕೈಹಾಕಿದರೆ ಪಾಸ್ ಇಲ್ಲ. ನಿನ್ನೆಯ ಅಂಗಿಯಲ್ಲಿತ್ತು. ಅಡ್ಡಕಂಬ ಹಾರಿದೆ... ಹಾರಿದೆ ಎನ್ನುವುದು ಜಂಬ. ಅದರ ಮೇಲೆ ಬಿದ್ದು ಆಚೆ ಉರುಳಿದೆ.

ಆಗಲೇ ಬಂದೂಕು.

ಹದಿನೈದು ನಿಮಿಷ ಕಳೆದ ಮೇಲೆ ಇನ್ನೊಂದು ಜೋಡಿ ಬೂಟು ಬಂದು ಪಕ್ಕದಲ್ಲಿ ನಿಂತಿತು. ಹಳೆಯ ಕಾವಲುಗಾರ. ಬಗ್ಗಿ ಮುಖ ನೋಡಿದ.

"ಬಿಡಯ್ಯ ಅವನನ್ನ. ಜಿಗಣೆ ಅದು. ಜಿಗಣೆಗೆ ಪಾಸ್ ಯಾಕೆ?"

ಜೀವ ಉಳಿಯಿತು. ಮಾನದ ವಿಷಯ ಆಗ ನೆನಪಾಗಲಿಲ್ಲ.

ಹತ್ತು ಐವತ್ತೆಂಟಾಗಿತ್ತು. ಗೇಟಿನಿಂದ ಸ್ಪೀಕರ್ ಕೊಠಡಿಗೆ ಇನ್ನೂರ ಅರವತ್ತು ಹೆಜ್ಜೆ, ಎರಡು ಮೆಟ್ಟಿಲಸಾಲು. ಬಾಗಿಲಲ್ಲಿ ಜವಾನ ಅಡ್ಡ ಬಂದ. ಅವನ ತೋಳಿನ ಕೆಳಗೆ ತಲೆ ತೂರಿಸಿದೆ. ಅಲ್ಲಿಂದ ಮುಂದೆ ಹೋಗಲು ಬಿಡಲಿಲ್ಲ. ತಲೆ ಒಳಗೆ, ದೇಹ ಹೊರಗೆ.

ಸ್ಪೀಕರ್ ಮೇಜಿನ ಹಿಂದೆ. ಎದುರಿಗೆ ಸಾಹೇಬರು. ಕೈಯಲ್ಲಿ ಆ ಪತ್ರ. ಗಡಿಯಾರದ ಹೊಟ್ಟೆ ನೋಡುವ ಹಾಗೆ, ಒಂದು ಕಣ್ಣು ಕಿರಿದು ಮಾಡಿ, ಕೊನೆಯ ಸಾಲಿನವರೆಗೂ ಓದಿದರು. ಅವರು ಏನನ್ನಾದರೂ ಪೂರ್ತಿ ಓದಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಸಹಿ ನಿಮ್ಮದೇನಾ?" ಸ್ಪೀಕರ್ ಕೇಳಿದರು.

"ನನ್ನದೇ."

"ನಿಮ್ಮ ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡ್ತಿದ್ದೀರಾ?"

ಸಾಹೇಬರು ತಿರುಗಿ ನನ್ನನ್ನು ನೋಡಿದರು.

ಕೈ ಎತ್ತಿದೆ. ಕನ್ನಡಕ ಮುಟ್ಟಬೇಕು... ಕನ್ನಡಕ ಗೇಟಿನಲ್ಲಿತ್ತು. ಬರೀ ಮೂಗು ಮುಟ್ಟಿದೆ. ಕಣ್ಣಿನ ಸುತ್ತ ಬೆರಳಲ್ಲಿ ಎರಡು ಸೊನ್ನೆ ಬರೆದೆ. ಕೋತಿಯೂ ಅಷ್ಟು ಚೇಷ್ಟೆ ಮಾಡುವುದಿಲ್ಲ.

ಸಾಹೇಬರು ಮೆಲ್ಲಗೆ ನಕ್ಕರು. ಸ್ಪೀಕರ್ ಕಡೆ ತಿರುಗಿದರು.

"ಹೌದು."

ಸ್ಪೀಕರ್ ಸಹಿ ಹಾಕಿದರು. ಗಂಟೆ ಹನ್ನೊಂದು ಎರಡು.

ಕಾರಿನಲ್ಲಿ ಕುಳಿತ ಮೇಲೂ ನನ್ನ ಏದುಸಿರು ನಿಂತಿರಲಿಲ್ಲ. ತಪ್ಪಾಯ್ತು ಸಾರ್, ಬೋರ್ಡು ನನ್ನದೇ, ಕನ್ನಡಕ ಬಿದ್ದುಹೋಗಿತ್ತು, ನಿಮಗೆ ಸನ್ನೆ ತಿಳಿಯಲಿಲ್ಲ, ಹೀಗೆ ಏನೇನೋ ತೊದಲಿದೆ.

"ತಿಳೀದೆ ಏನು ಕಣೋ," ಎಂದರು. "ಇಪ್ಪತ್ತೆರಡು ವರ್ಷ ನಿನ್ನ ಮೂಗು ನೋಡ್ಕೊಂಡೇ ಬದುಕಿದ್ದೀನಿ."

"ಮತ್ಯಾಕೆ ಸಾರ್...?"

"ಆ ಭವನದಲ್ಲಿ ನನ್ನ ಇಚ್ಛೆ ಏನು ಅಂತ ಕೇಳಿದ್ದು ಸ್ಪೀಕರ್ ಒಬ್ಬರೇ. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

ರೈಲ್ವೆ ಕ್ರಾಸಿಂಗಿಗೆ ಇವತ್ತಿಗೂ ಗೇಟಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಅವರು ನನ್ನ ಚೀಲದಿಂದ ಲೆಟರ್‌ಹೆಡ್ಡಿನ ಕೊನೆಯ ಹಾಳೆ ಎಳೆದರು. ತೊಡೆಯ ಮೇಲಿಟ್ಟು, ಕೈಯಾರೆ, ನನಗೊಂದು ಶಿಫಾರಸು ಪತ್ರ ಬರೆದರು. ನಂಬಿಕಸ್ಥ, ಶಿಸ್ತಿನವನು, ಯಾವ ಕೆಲಸಕ್ಕೂ ಆಗುತ್ತಾನೆ. ಅವರು ಸ್ವತಃ ಬರೆದ ಪತ್ರ ಅದೊಂದೇ. ಅದರಲ್ಲೂ ಮೂರು ಸುಳ್ಳು.

"ತಾರೀಕು ನೀನೇ ಹಾಕ್ಕೋ," ಎಂದರು. "ನಿನ್ನೇದು ಹಾಕು. ನಿನ್ನೆಗೆ ನಾನು ಸಂಸದ. ಇವತ್ತಿನದಾದ್ರೆ ಯಾವನೂ ಮೂಸಿ ನೋಡಲ್ಲ."

ಪೆನ್ನು ತೆಗೆದೆ. ನಿನ್ನೆಯದಲ್ಲ, ಆ ದಿನದ್ದೇ ಹಾಕಿದೆ. ಜೀವನದಲ್ಲಿ ಮೊದಲ ಸಲ ನಿಜವಾದ ದಿನಾಂಕ ಬರೆದೆ.

ನಿಮ್ಮ ಮೇಜಿನ ಮೇಲಿರುವುದು ಅದೇ ಪತ್ರ. ಇದಕ್ಕೂ ಮುಂಚೆ ಕೆಲಸ ಕೇಳಲು ಹೋದ ಹತ್ತು ಕಡೆಯೂ, ರಾಜೀನಾಮೆಯ ದಿನದ ತಾರೀಕು ನೋಡಿ ನಕ್ಕರು. ಯಾಕೆ ಆ ತಾರೀಕು ಎಂದು ಕೇಳಿದವರು ನೀವೊಬ್ಬರೇ.

ನಗುವುದಿದ್ದರೆ ಬೇಗ ನಗಿ. ಹನ್ನೆರಡನೆಯವರು ನಾಲ್ಕು ಗಂಟೆಗೆ ಬರಹೇಳಿದ್ದಾರೆ.